ಅವ್ವನ ಸೋರೆಬಳ್ಳಿ ಮತ್ತು ನನ್ನ ಅಂಗಾಲು

ಮನುಷ್ಯನಿಗೆ ರೋಗ ಬರುವುದೇ ಆದರೆ ಸ್ವಲ್ಪ ಗೌರವವಿರುವ ರೋಗ ಬರಬೇಕು. ಎದೆನೋವು ಎಂದರೆ ನೆಂಟರಿಷ್ಟರು ಮೂಸಂಬಿ ಹಿಡಿದು ಓಡಿ ಬರುತ್ತಾರೆ. ಬಿ.ಪಿ. ಎಂದರೆ ಮನೆಯವರು ದನಿ ತಗ್ಗಿಸಿ ಮಾತಾಡುತ್ತಾರೆ, ಸಾರಿಗೆ ಉಪ್ಪು ಕಡಿಮೆಯಾದರೂ ಅದು ನಮ್ಮ ಮೇಲಿನ ಕಾಳಜಿ ಎನಿಸಿಕೊಳ್ಳುತ್ತದೆ. ನನಗೆ ಬಂದದ್ದು ಅಂಗಾಲು ಉರಿ. ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿಯಲ್ಲಿ ಬಸ್ಸು ನಿಲ್ಲುವ ಜಾಗದ ಹಿಂದೆ ನನ್ನದೊಂದು ಟೈಲರ್ ಅಂಗಡಿಯಿದೆ. ಬೆಳಗಿನಿಂದ ಸಂಜೆಯವರೆಗೆ ಊರವರ ಪ್ಯಾಂಟು, ಷರಟು, ಮಕ್ಕಳ ಯೂನಿಫಾರಂ ಹೊಲಿಯುತ್ತ ಪೆಡಲ್ ತುಳಿಯುವುದು ನನ್ನ ಬದುಕು. ಸಂಜೆ ಮೊಪೆಡ್ಡಿನಲ್ಲಿ ಪಣಕಹಳ್ಳಿಯ ಮನೆಗೆ ಬಂದು ಚಪ್ಪಲಿ ಬಿಟ್ಟರೆ, ಅಂಗಾಲಿಗೆ ಯಾರೋ ಹಸಿಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿ. ಇಂಥ ರೋಗವನ್ನು ಗಿರಾಕಿಗಳ ಹತ್ತಿರ ಹೇಳಿಕೊಂಡರೆ ಅವರು ಮೊದಲು ನನ್ನ ಕಾಲು ನೋಡಿ, ಆಮೇಲೆ ಅವರ ಪ್ಯಾಂಟು ಇನ್ನೂ ಯಾಕೆ ಆಗಿಲ್ಲ ಎಂದು ಕೇಳುತ್ತಾರೆ. ಹಾಗಾಗಿ ನಾನು ಬಹಳ ದಿನ ಬಾಯಿ ಬಿಡಲಿಲ್ಲ. ಒಂದು ಸಂಜೆ ಮುದ್ದೆ ಮುರಿಯುತ್ತ ಕುಳಿತಾಗ ತಡೆಯಲಾರದೆ ಕಾಲನ್ನು ತಣ್ಣನೆಯ ನೆಲಕ್ಕೆ ಉಜ್ಜಿದೆ. ಅವ್ವ ನೋಡಿಬಿಟ್ಟಳು.

ನಮ್ಮ ಅವ್ವನಿಗೆ ವಯಸ್ಸು ಎಪ್ಪತ್ತು ದಾಟಿದೆ. ಊರಿನ ಅರ್ಧ ಮನೆಗಳ ಕೂಸುಗಳಿಗೆ, ಬಾಣಂತಿಯರಿಗೆ ಇದು ತಿನ್ನು, ಅದು ಹಚ್ಚು ಎಂದು ಹೇಳುವವಳು ಅವಳೇ. ಉಳಿದರ್ಧ ಮನೆಗಳವರಿಗೆ ಅವರು ಕೇಳದಿದ್ದರೂ ಹೇಳುತ್ತಾಳೆ. “ಏನ್ಲಾ ಮಗ, ಕಾಲ ಯಾಕ ಅಂಗ್ ಉಜ್ಜೀಯೆ?” ಎಂದಳು. ಉರಿ ಎಂದೆ. ಅವಳು ನನ್ನ ಕಾಲನ್ನು ನೋಡಲೇ ಇಲ್ಲ. ಹಿತ್ತಲ ಬಾಗಿಲ ಕಡೆ ಕತ್ತು ತಿರುಗಿಸಿ, ಸೋರೆಬಳ್ಳಿಯನ್ನು ಒಮ್ಮೆ ನೋಡಿ, ತೃಪ್ತಿಯಿಂದ ತಲೆಯಾಡಿಸಿದಳು. ಆ ನೋಟ ನೋಡಿದ ನನ್ನ ಹೆಂಡತಿ ರತ್ನ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ನನ್ನ ಕತೆ ಮುಗಿಯಿತೆಂದು ಅವಳಿಗೆ ಆಗಲೇ ಗೊತ್ತಾಗಿತ್ತು.

ಆ ಬಳ್ಳಿಯ ವಿಷಯ ಸ್ವಲ್ಪ ಹೇಳಬೇಕು. ಅದನ್ನು ಯಾರೂ ನೆಟ್ಟದ್ದಲ್ಲ. ಬಚ್ಚಲ ನೀರು ಹರಿಯುವ ಕಡೆ ತಾನಾಗಿ ಹುಟ್ಟಿ, ನಮ್ಮನ್ನು ಒಂದು ಮಾತೂ ಕೇಳದೆ ಕಕ್ಕಸಿನ ಶೀಟಿನ ಮೇಲೆ ಹತ್ತಿ ಹಬ್ಬಿತು. ಬೆಳೆಯುವುದೆಂದರೆ ಹೇಗೆ, ಬೆಳಿಗ್ಗೆ ಬೆರಳಷ್ಟಿದ್ದ ಕಾಯಿ ನಾನು ಅಂಗಡಿಯಿಂದ ಬರುವ ಹೊತ್ತಿಗೆ ತೋಳಿನಷ್ಟಾಗಿದೆಯೇನೋ ಎನ್ನಿಸುತ್ತಿತ್ತು. ಕಕ್ಕಸಿನ ಬಾಗಿಲಿಗೆ ಸರಿಯಾಗಿ ಒಂದು ಕಾಯಿ ಇಳಿಬಿದ್ದು, ಅವಸರದಲ್ಲಿ ಒಳಗೆ ಹೋಗುವವರ ಹಣೆಗೆಲ್ಲ ಢಿಕ್ಕಿ ಕೊಡುತ್ತಿತ್ತು. ಅದನ್ನು ಕೊಯ್ಯೋಣ ಎಂದರೆ ಅವ್ವ, “ಅದು ಬೀಜಕ್ಕೆ ಬುಟ್ಟಿರೋದು ಕಣ್ಲಾ, ನೀನೇ ತಲೆ ಬಗ್ಸಕಂಡು ಓಗು” ಎಂದಳು. ಅಂದಿನಿಂದ ಆ ಕಾಯಿಗೆ ನಮಸ್ಕಾರ ಮಾಡಿಯೇ ನಾವೆಲ್ಲ ಒಳಗೆ ಹೋಗುವುದು.

ಕಾಯಿ ಬಿಟ್ಟ ಮೇಲೆ ತಿನ್ನಬೇಕಲ್ಲ. ಅವರೆಕಾಳಿನ ಜೊತೆ ಸೋರೆಕಾಯಿ ಸಾರು, ರಾಗಿಮುದ್ದೆಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಅದನ್ನು ನಾನು ಈಗಲೂ ಹೊಗಳುತ್ತೇನೆ. ಸಿಪ್ಪೆಯನ್ನು ಎಣ್ಣೆಯಲ್ಲಿ ಬಾಡಿಸಿ ಹುಣಸೆಹಣ್ಣು, ಕಾಯಿತುರಿ ಹಾಕಿ ರುಬ್ಬಿದ ಚಟ್ನಿಯೂ ಚೆನ್ನ. ಎಳೆ ಕುಡಿಯ ಬಸ್ಸಾರು, ತುರಿದು ಹಿಟ್ಟಿಗೆ ಕಲಸಿದ ರೊಟ್ಟಿ, ಬೀಜ ಹುರಿದು ಉಪ್ಪು ಹಚ್ಚಿದ್ದು, ಬೆಲ್ಲ ಹಾಕಿ ಕಾಯಿಸಿದ ಪಾಯಸ, ಎಲ್ಲವೂ ಒಂದೊಂದಾಗಿ ಬಂದರೆ ಚೆನ್ನವೇ. ಆದರೆ ಸಾರು, ಚಟ್ನಿ, ರೊಟ್ಟಿ, ಪಾಯಸ ಒಂದೇ ತಟ್ಟೆಯಲ್ಲಿ ಕೂತು, ನಾಲ್ಕಕ್ಕೂ ತಾಯಿ ಒಬ್ಬಳೇ ಎಂದು ಗೊತ್ತಾದಾಗ ಗಂಡಸಿನ ಎದೆ ಕುಸಿಯುತ್ತದೆ. ಒಂದು ದಿನ ಸಾರಿನಲ್ಲಿ ಆಲೂಗಡ್ಡೆ ಕಂಡ ಹಾಗಾಗಿ ಖುಷಿಯಿಂದ ಬಾಯಿಗಿಟ್ಟೆ. ಅದೂ ಅದೇ.

ಇಷ್ಟು ದಿನ ಹೊಟ್ಟೆಯೊಳಗಿದ್ದ ಸೋರೆಕಾಯಿ ಈಗ ನನ್ನ ಕಾಲಿಗೂ ಬಂತು. ರಾತ್ರಿ ಊಟ ಮುಗಿಯುತ್ತಲೇ ಅವ್ವ ಕಾಯನ್ನು ಅಡ್ಡಡ್ಡ ಕೊಯ್ದು, ನನ್ನ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು ಉಜ್ಜುತ್ತಿದ್ದಳು. ನಿಜ ಹೇಳಬೇಕೆಂದರೆ ಹಿತವಾಗಿಯೇ ಇತ್ತು. ಗಡ್ಡ ನೆರೆತ ಮಗನ ಕಾಲು ಹಿಡಿದು ಕೂರುವ ತಾಯಿ ಎಷ್ಟು ಜನಕ್ಕುಂಟು? ತಿರುಳನ್ನು ನೆತ್ತಿಯ ಮೇಲೆ ಇಟ್ಟು ಬಟ್ಟೆ ಕಟ್ಟಿದಾಗಲೂ ನಾನು ಸುಮ್ಮನಿದ್ದೆ. ಆ ಅವತಾರದಲ್ಲಿ ಬಾಗಿಲಿಗೆ ಬಂದ ಗಿರಾಕಿಯೊಬ್ಬ, ತಲೆಗೆ ಪೆಟ್ಟಾಯಿತೇ ಎಂದು ಗಾಬರಿಯಾಗಿ ಹೊಲಿಯಲು ತಂದ ಬಟ್ಟೆಯನ್ನು ಹಾಗೇ ವಾಪಸ್ ಒಯ್ದ. ಅದನ್ನೂ ಸಹಿಸಿದೆ. ಆದರೆ, “ಮೇಲ್ ಮೇಲ್ ಉಜ್ಜುದ್ರ ಆಗದಿಲ್ಲ, ಉಷ್ಣ ಒಳಗ್ ಅದೆ” ಎಂದು ಅವ್ವ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಸೋರೆಕಾಯಿ ರಸ ಹಿಡಿದು ನಿಂತಾಗ ನನ್ನ ಸಹನೆ ಮುಗಿಯಿತು. ಮುಗಿದರೂ ಕುಡಿದೆ. ಅವ್ವನ ಎದುರು ನನ್ನ ಸಹನೆ ಮುಗಿದದ್ದಕ್ಕೆ ಇದುವರೆಗೆ ಯಾವ ಬೆಲೆಯೂ ಸಿಕ್ಕಿಲ್ಲ.

ದೀಪಾವಳಿ ಕಳೆದ ಮೇಲೆ ಗುಮಟಾಪುರದ ಬೀರೇಶ್ವರನ ಹಬ್ಬಕ್ಕೆ ಆ ಊರಿನ ಸೊಸೆಯಾದ ನನ್ನ ಅಕ್ಕ ಅವ್ವನನ್ನು ಕರೆಸಿಕೊಂಡಳು. ಅಲ್ಲಿ ಗಂಡಸರೆಲ್ಲ ಸಗಣಿ ಉಂಡೆ ಕಟ್ಟಿ ಒಬ್ಬರಿಗೊಬ್ಬರು ಎಸೆದಾಡುವುದನ್ನು ನೋಡುವುದೆಂದರೆ ಅವ್ವನಿಗೆ ಪ್ರಾಣ. ಬಸ್ಸು ಹತ್ತುವಾಗಲೂ, “ರಸ ಮಾತ್ರ ತಪ್ಪಿಸ್ಬ್ಯಾಡ ಕಣ್ಲಾ” ಎಂದಳು. ಬಸ್ಸು ತಿರುವಿನಲ್ಲಿ ಮರೆಯಾಗುವುದೇ ತಡ, ನಾನೂ ರತ್ನಳೂ ನೆಟ್ಟಗೆ ಮನೆಗೆ ಬಂದು ಬೆಳೆದ ಕಾಯನ್ನೆಲ್ಲ ಕೊಯ್ದು ಬೀದಿಯ ಮನೆಮನೆಗೆ ಹಂಚಿದೆವು. ನಮ್ಮ ಉದಾರತನ ಕಂಡು ಜನ ಬೆರಗಾದರು. ಬೀಜಕ್ಕೆ ಬಿಟ್ಟ ಕಾಯಿಯೊಂದನ್ನು ಮಾತ್ರ ಮುಟ್ಟುವ ಧೈರ್ಯ ಬರಲಿಲ್ಲ. ಅಂದು ಆಲೂಗಡ್ಡೆ ಬೋಂಡ ತಿಂದು, ಇಬ್ಬರೂ ಹೊಸದಾಗಿ ಮದುವೆಯಾದವರ ಹಾಗೆ ನಗಾಡಿದೆವು.

ಮಾರನೆಯ ಬೆಳಿಗ್ಗೆ ಅಕ್ಕನ ಫೋನು ಬಂತು. ಮಾತಾಡಿದ್ದು ಅವ್ವ. “ರಸ ಕುಡುದ್ಯಾ?” ಎಂದಳು. ಕುಡಿದೆ ಎಂದೆ. “ಸುಳ್ ಬೊಗುಳಬ್ಯಾಡ. ಇನ್ನೊಂದ್ ಚಣಕ್ಕೆ ಮೊಕ ಕಾಣೋ ಫೋನ್ ಮಾಡಿಸ್ತಿನಿ. ನನ್ ಕಣ್ ಮುಂದ ಕುಡಿಬೇಕು” ಎಂದು ಇಟ್ಟುಬಿಟ್ಟಳು.

ಮನೆಯಲ್ಲಿ ಒಂದು ಚೂರು ಸೋರೆಕಾಯಿ ಇಲ್ಲ. ಹಂಚಿದ ಮನೆಗಳಿಗೆ ಹೋಗಿ ವಾಪಸ್ ಕೇಳುವುದು ಹೇಗೆ? ಹಿತ್ತಲಾಚೆ ಬೀಳುಬಿಟ್ಟ ಹೊಲದ ಬೇಲಿಯಲ್ಲಿ ಒಂದು ಕಾಯಿ ನೇತಾಡುತ್ತಿದ್ದುದು ನೆನಪಾಗಿ ಓಡಿದೆ. ಗುಂಡಗೆ, ಹಸಿರಾಗಿ, ಮುದ್ದಾಗಿ ಇತ್ತು. ರತ್ನ ಅದನ್ನು ಕೈಯಲ್ಲಿ ಹಿಡಿದು, “ಇದು ಬೇಲಿ ಕಾಯಿ ಕಣ್ರೀ, ಯಾಕೋ ಬ್ಯಾಡ ಅನುಸ್ತದೆ” ಎಂದಳು. “ಸೋರೆಕಾಯಿ ಅಂದ್ರ ಸೋರೆಕಾಯಿ. ಬೇಗ ಹಿಂಡು” ಎಂದೆ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಪರದೆಯ ತುಂಬ ಅವ್ವನ ಹಣೆ, ಅದರ ಮೂಲೆಯಲ್ಲಿ ಒಂದು ಕಣ್ಣು.

“ಲೋಟ ತೋರ್ಸು.”

ತೋರಿಸಿದೆ.

“ಕುಡಿ.”

ಒಂದು ಗುಟುಕು ಬಾಯಿಗೆ ಹೋಯಿತು. ಅಂಥ ಕಹಿಯನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ. ಅದರ ಮುಂದೆ ಬೇವಿನ ಕಡ್ಡಿ ಕಬ್ಬಿನ ಜಲ್ಲೆ.

“ಮೊಕ ಯಾಕ್ಲಾ ಅಂಗ್ ಕಿವುಚೀಯೆ? ಪೂರಾ ಕುಡಿ.”

“ಕಯಿ ಕಣವ್ವ.”

“ನನ್ ಬಳ್ಳಿ ಕಾಯಿ ಯಾವತ್ಲಾ ಕಯಿ ಆಗಿದ್ದು? ನಾಟ್ಕ ಆಡ್ಬ್ಯಾಡ, ಕುಡಿ!”

ಅದು ನಿನ್ನ ಬಳ್ಳಿಯದಲ್ಲ ಎನ್ನಬೇಕಿತ್ತು. ಎಂದರೆ, ಹಾಗಾದರೆ ನನ್ನ ಕಾಯೆಲ್ಲ ಎಲ್ಲಿ ಎಂದು ಕೇಳುತ್ತಾಳೆ. ಆ ಪ್ರಶ್ನೆಗಿಂತ ಲೋಟವೇ ವಾಸಿ ಎನ್ನಿಸಿ ಕಣ್ಣು ಮುಚ್ಚಿ ಕುಡಿದುಬಿಟ್ಟೆ.

ಅಂಗಡಿಗೆ ಹೊರಡಲು ಷರಟು ಹಾಕಿಕೊಳ್ಳುವಷ್ಟರಲ್ಲಿ ಹೊಟ್ಟೆಯೊಳಗೆ ಕರುಳನ್ನು ಯಾರೋ ಹಿಂಡಿದಂತಾಯಿತು. ಆಮೇಲೆ ವಾಂತಿ, ಆಮೇಲೆ ಭೇದಿ, ಆಮೇಲೆ ಎರಡಕ್ಕೂ ಪೈಪೋಟಿ. ತಲೆ ತಿರುಗಿ ನಾನು ಗೋಡೆಗೆ ಒರಗಿದಾಗ ರತ್ನಳ ನಗು ಎಲ್ಲಿ ಹೋಯಿತೋ. ಬೀದಿಯಲ್ಲಿ ಮಾರ್ಕೆಟ್ಟಿಗೆ ಹೊರಟಿದ್ದ ಗೂಡ್ಸ್ ಆಟೋವನ್ನು ಅಡ್ಡ ನಿಂತು ತಡೆದಳು. ಎಲೆಕೋಸಿನ ಮೂಟೆಗಳ ಮೇಲೆ ನನ್ನನ್ನು ಮಲಗಿಸಿ, ಬಿದ್ದುಹೋಗದ ಹಾಗೆ ಸೊಂಟ ಹಿಡಿದುಕೊಂಡು, ದಾರಿಯುದ್ದಕ್ಕೂ ಮಾದಪ್ಪನಿಗೆ ಹರಕೆ ಹೊರುತ್ತ ಬಂದಳು. ಎಲ್ಲ ಹರಕೆಯಲ್ಲೂ ಬೋಳಿಸುವ ತಲೆ ನನ್ನದೇ ಆಗಿತ್ತು.

ಆಸ್ಪತ್ರೆಯಲ್ಲಿ ನರ್ಸಮ್ಮ ಸೂಜಿ ಚುಚ್ಚುತ್ತ “ಎನ್ನ ಸಾಪ್ಟೀಂಗ?” ಎಂದು, ಏನು ತಿಂದಿರಿ ಅಂತ ತಮಿಳಿನಲ್ಲಿ ಕೇಳಿದರು. “ಸೊರಕ್ಕಾ ಜೂಸ್” ಎಂದೆ. ಅವರು ಆಚೆ ಕೋಣೆಗೆ ಕೇಳುವ ಹಾಗೆ, “ಡಾಕ್ಟರ್, ಜೂಸ್ ಕೇಸ್!” ಎಂದು ಕೂಗಿದರು. ಪಕ್ಕದ ಮಂಚದಲ್ಲಿ ಕಾಲಿಗೆ ಬ್ಯಾಂಡೇಜು ಕಟ್ಟಿಸಿಕೊಂಡು ಮಲಗಿದ್ದ ಮುದುಕನೊಬ್ಬ ಇತ್ತ ಹೊರಳಿ, ಗುಟ್ಟಾಗಿ, “ಯಾವ್ ಅಂಗಡಿ ಸರಕಣ್ಣ? ಯೋಳಿದ್ರ ನಾವೂ ಉಸಾರಾಗಿರ್ತೀವಿ” ಎಂದ. ಸೋರೆಕಾಯಿ ಎಂದರೆ ನಂಬಲಿಲ್ಲ. ಹೆಂಡತಿ ಎದುರಿಗಿದ್ದಾಳೆ ಎಂದು ಸಾರಾಯಿ ಕುಡಿದದ್ದನ್ನು ಮುಚ್ಚಿಡುತ್ತಿದ್ದೇನೆ ಅಂದುಕೊಂಡು ಕಣ್ಣು ಮಿಟುಕಿಸಿದ. ಡಾಕ್ಟರಮ್ಮ ಬಂದು ಬಿ.ಪಿ. ನೋಡಿದಾಗ ಮಾತ್ರ ಯಾರೂ ನಗಲಿಲ್ಲ. ಕಹಿ ಸೋರೆಕಾಯಿ ವಿಷ, ಕಹಿ ಅನ್ನಿಸಿದ ಕೂಡಲೇ ಉಗಿಯಬೇಕು, ತಡವಾಗಿ ಬಂದಿದ್ದರೆ ಕಷ್ಟವಿತ್ತು ಎಂದರು. ರತ್ನ ನನ್ನ ಕಾಲ ಹತ್ತಿರ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು. ಡ್ರಿಪ್ ಹಾಕಿ ಮಾರನೆಯ ದಿನದವರೆಗೆ ಮಲಗಿಸಿಕೊಂಡರು. ಅಂಗಾಲು ಉರಿಗೆ ರಕ್ತ ಪರೀಕ್ಷೆ ಮಾಡಿಸಿ, ಒಂದಿಷ್ಟು ಮಾತ್ರೆಯನ್ನೂ ಬರೆದುಕೊಟ್ಟರು.

ನಾನು ಮನೆಗೆ ಬರುವ ಹೊತ್ತಿಗೆ ಅವ್ವ ಸುದ್ದಿ ತಿಳಿದು ಹಬ್ಬ ಬಿಟ್ಟು ಬಂದು ಜಗಲಿಯ ಮೇಲೆ ಕೂತಿದ್ದಳು. ನಾಲ್ಕು ಬೈಗುಳಕ್ಕೆ ಸಿದ್ಧನಾಗಿಯೇ ಇಳಿದೆ. ಅವಳು ಬೈಯಲಿಲ್ಲ. ನನ್ನ ಮುಖ ಸವರಿ, ಎದ್ದು, ಕುಡುಗೋಲು ತೆಗೆದುಕೊಂಡು ಹಿತ್ತಲಿಗೆ ಹೋದಳು. ನಾನು ಗೋಡೆ ಹಿಡಿದು ಹಿಂದೆಯೇ ಹೋಗಿ ನೋಡಿದರೆ, ಶೀಟಿನ ಮೇಲಿಂದ ಬಳ್ಳಿಯನ್ನು ಎಳೆದು ಎಳೆದು ಕೆಡವುತ್ತಿದ್ದಾಳೆ. ಎಳೆಯುತ್ತ ಅಳುತ್ತಿದ್ದಾಳೆ. “ಕಯಿ ಕಣವ್ವ ಅಂದ ನನ್ ಮಗ. ನಾನೇ ಕುಡಿ ಕುಡಿ ಅಂದ್ನಲ್ಲಾ. ಸೊಂತ ಕೈಯಾರ ವಿಸ ಉಣ್ಣಿಸ್ದಂಗಾಯ್ತಲ್ಲಾ. ಇನ್ ಯಾವ್ ಬಾಯಲ್ಲಿ ಇನ್ನೊಬ್ರ ಕೂಸ್ಗ ಔಸ್ದಿ ಯೋಳ್ಲಿ?”

ಆ ಕ್ಷಣ ನನ್ನ ಮನಸ್ಸಿನಲ್ಲಿ ಬಂದದ್ದನ್ನು ಬಚ್ಚಿಡುವುದಿಲ್ಲ. ಇನ್ನು ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡು ನಿಂತರೆ ಸಾಕು, ಬುಡ ಕತ್ತರಿಸಿ ಬೀಳುತ್ತದೆ. ರಸವಿಲ್ಲ, ನೆತ್ತಿಗೆ ತಿರುಳಿಲ್ಲ. ಕಕ್ಕಸಿಗೆ ನೆಟ್ಟಗೆ ನಡೆದುಕೊಂಡು ಹೋಗಬಹುದು. ರತ್ನ ನನ್ನ ಮುಖ ನೋಡಿದಳು, ನಾನು ರತ್ನಳ ಮುಖ ನೋಡಿದೆ. ಅವ್ವ ಕುಡುಗೋಲನ್ನು ಬುಡಕ್ಕಿಟ್ಟಳು. ಇನ್ನೊಂದು ಕೈಯಿಂದ ಬಳ್ಳಿಯನ್ನು ಒಮ್ಮೆ ಸವರಿದಳು. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

“ಬುಡವ್ವ, ಬುಡು! ಅದು ನಿನ್ ಬಳ್ಳಿ ಕಾಯಲ್ಲ, ಬೇಲೀದು. ನಿನ್ ಕಾಯನೆಲ್ಲ ನಾವು ಊರ್ಗ ಹಂಚ್‌ಬುಟ್ಟೊ.”

ಅವ್ವ ನಿಧಾನವಾಗಿ ತಿರುಗಿದಳು. ಕಣ್ಣೀರು ಕೆನ್ನೆಯ ಮೇಲಿರುವಾಗಲೇ ಸಿಟ್ಟು ಏರುವುದನ್ನು ನಾನು ಅಂದೇ ಮೊದಲು ಕಂಡದ್ದು. “ಬೇಲಿ ಕಾಯಾ? ಎಮ್ಮೆನೂ ಮೂಸಲ್ಲ ಕಣ್ಲಾ ಅದ! ಇಷ್ಟ್ ವಯಸ್ಸಾಗದೆ, ಬುದ್ಧಿ ಎಲ್ ಇಟ್ಟಿದ್ಯಲಾ? ನೀನಾರ ಯೋಳಬಾರ್ದಾ ರತ್ನಿ?” ಬೈಗುಳ ಬೀದಿಯ ಆ ತುದಿಯವರೆಗೆ ಕೇಳಿಸಿತು. ನನಗೆ ಜೀವ ಬಂದ ಹಾಗಾಯಿತು. ಬೈಯುತ್ತ ಬೈಯುತ್ತಲೇ ಅವಳು ಬಳ್ಳಿಯನ್ನೆತ್ತಿ ಶೀಟಿನ ಮೇಲೆ ಹಾಕಿದಳು. ಅಂಗಡಿಯಿಂದ ತಂದ ಬಟ್ಟೆ ಪಟ್ಟಿಗಳಿಂದ ಅದನ್ನು ಕಟ್ಟಿ ನಿಲ್ಲಿಸಿದವನು ನಾನೇ.

ಎಳೆದಾಡಿಸಿಕೊಂಡ ಸಿಟ್ಟಿಗೋ ಏನೋ, ಬಳ್ಳಿ ಈಗ ಮೊದಲಿಗಿಂತ ಹೆಚ್ಚು ಕಾಯಿ ಬಿಡುತ್ತಿದೆ. ಅಂಗಾಲು ಉರಿ ಎಷ್ಟೋ ಕಡಿಮೆಯಾಗಿದೆ. ಮಾತ್ರೆಯಿಂದ ಎಂದು ಡಾಕ್ಟರಮ್ಮನಿಗೆ ಹೇಳಿದ್ದೇನೆ, ಉಜ್ಜಿದ್ದರಿಂದ ಎಂದು ಅವ್ವನಿಗೆ ಹೇಳಿದ್ದೇನೆ. ಅವ್ವ ರಸ ನಿಲ್ಲಿಸಿದ್ದಾಳೆ. ಅದರ ಬದಲು ಒಲೆಗೆ ಇಡುವ ಮೊದಲು ಪ್ರತಿ ಕಾಯಿಯಿಂದಲೂ ಉಗುರಿನಷ್ಟು ಚೂರು ಕೊಯ್ದು ನನ್ನ ನಾಲಿಗೆಯ ಮೇಲಿಡುತ್ತಾಳೆ. ಕಹಿಯಾದರೆ ಉಗಿಯಬೇಕು, ಇಲ್ಲವಾದರೆ ತಲೆಯಾಡಿಸಬೇಕು. ನಾನು ಕಣ್ಣು ಮುಚ್ಚಿ ರುಚಿ ನೋಡುವಾಗ ಅತ್ತೆ ಸೊಸೆ ಇಬ್ಬರೂ ಉಸಿರು ಬಿಗಿಹಿಡಿದು ನನ್ನ ಬಾಯನ್ನೇ ನೋಡುತ್ತ ನಿಲ್ಲುತ್ತಾರೆ. ಮದುವೆಯಾದಂದಿನಿಂದ ಈ ಮನೆಯಲ್ಲಿ ನನ್ನ ನಾಲಿಗೆಗೆ ಇಷ್ಟು ಬೆಲೆ ಯಾವತ್ತೂ ಬಂದಿರಲಿಲ್ಲ. ಆದ್ದರಿಂದ ತಲೆಯಾಡಿಸಲು ನಾನೂ ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತೇನೆ.