ಟಪಾಲಿನಲ್ಲಿ ಬಂದ ಮ್ಯಾನೇಜರಿಕೆ

ಶಾಲೆಯನ್ನು ಅರ್ಧಕ್ಕೆ ಬಿಟ್ಟವನಿಗೆ ಒಂದು ರೋಗ ಅಂಟಿಕೊಂಡಿರುತ್ತದೆ. ಮೇಲೆ ಮೇಲೆ ಅವನು ಓದಿದವರನ್ನು ಕಂಡು ನಗುತ್ತಾನೆ; ಇಷ್ಟು ಓದಿ ಏನು ಮಾಡಿದ, ಎತ್ತಿನ ಕೊರಳಿಗೆ ನೊಗ ಹೂಡಲು ಬರುವುದಿಲ್ಲ ಎಂದು ಕಟ್ಟೆಯ ಮೇಲೆ ಕೂತು ನಾಲ್ಕು ಜನ ಕೇಳುವಂತೆ ಹೇಳುತ್ತಾನೆ. ಆದರೆ ಯಾರದಾದರೂ ಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿದ ಸರ್ಟಿಫಿಕೇಟು ಕಂಡಿತೋ, ಪಕ್ಕದ ದೇವರ ಪಟವನ್ನೂ ಬಿಟ್ಟು ಮೊದಲು ಅದರ ಮುಂದೆ ನಿಲ್ಲುತ್ತಾನೆ. ಇಂಗ್ಲಿಷು ಬರದಿದ್ದರೂ ಓದಿ ಒಪ್ಪಿಕೊಂಡವನಂತೆ ತಲೆಯಾಡಿಸುತ್ತಾನೆ. ಈ ರೋಗ ನನಗೆ ಮೂವತ್ತು ವರ್ಷದಿಂದ ಇತ್ತು. ಈಗ ಗುಣವಾಗಿದೆ. ಗುಣವಾದ ರೀತಿಯನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ; ಆದರೂ ಹಳಿಯಾಳದ ಮಂದಿ ನನ್ನ ಬೆನ್ನ ಹಿಂದೆ ಉಪ್ಪುಖಾರ ಹಚ್ಚಿ ಹೇಳುವುದಕ್ಕಿಂತ ನಾನೇ ಹೇಳುವುದು ಮೇಲು.

ನಾನು ಓದಿದ್ದು ಮುಂಡಗೋಡ ಸೀಮೆಯ ಇಂದೂರಿನಲ್ಲಿ, ಕನ್ನಡ ನಾಲ್ಕನೆಯ ಇಯತ್ತೆಯವರೆಗೆ. ಅಲ್ಲಿಂದ ಮುಂದೆ ಅಪ್ಪ ನನ್ನನ್ನು ಚಕ್ಕಡಿಯ ಮೇಲೆ ಕೂರಿಸಿದ. ಚಕ್ಕಡಿ ನನ್ನನ್ನು ಹಳಿಯಾಳದ ಕಟ್ಟಿಗೆ ಅಡ್ಡೆಗೆ ತಂದು ಇಳಿಸಿತು. ಅಲ್ಲಿಯೇ ಹಮಾಲನಾದೆ, ಅಲ್ಲಿಯೇ ಹಮಾಲರ ಮೇಲಿನ ಮುಕಾದಮನಾದೆ. ದಾಂಡೇಲಿ, ಜೋಯಿಡಾ ಕಡೆಯ ಕಾಡಿನಿಂದ ಸಾಗವಾನಿಯ ದಿಮ್ಮಿಗಳು ಚಕ್ಕಡಿಯಲ್ಲಿ ಬರುತ್ತಿದ್ದವು. ಅವನ್ನು ಇಳಿಸಿ, ಹಗ್ಗ ಸುತ್ತಿ ದಪ್ಪ ಅಳೆದು, ಉದ್ದ ಬರೆಸಿ, ಕೊನೆಗೆ ನಮ್ಮ ಸಾವುಕಾರರ ಅಕ್ಷರವಿರುವ ಕಬ್ಬಿಣದ ಸುತ್ತಿಗೆಯಿಂದ ದಿಮ್ಮಿಯ ತಲೆಗೆ ಒಂದು ಮುದ್ರೆ ಹೊಡೆಯಬೇಕು. ಮುದ್ರೆ ಬಿದ್ದ ಮೇಲೆ ಮಾಲು ನಮ್ಮದು. ಮಾರಿದವನು ಚಕ್ಕಡಿ ಹೊಡೆದುಕೊಂಡು ಹೋದರೆ ಹಿಂದಿರುಗಿ ನೋಡಬೇಕಾಗಿಲ್ಲ. ಹೀಗಾಗಿ ಮುದ್ರೆ ಹೊಡೆಯುವ ಮೊದಲು ನಾನು ಸುತ್ತಿಗೆಯನ್ನು ತಿರುಗಿಸಿ ಹಿಡಿದು, ಅದರ ಹಿಂಬದಿಯಿಂದ ದಿಮ್ಮಿಯ ನಡುವಿಗೆ ಎರಡು ಮೂರು ಸಲ ಬಡಿದು ಕಿವಿಗೊಡುತ್ತಿದ್ದೆ. ಗಟ್ಟಿ ಮರ ಟಣ್ ಎನ್ನುತ್ತದೆ. ಒಳಗೆ ಪೊಳ್ಳಿದ್ದರೆ, ತುದಿಗಳು ಎಷ್ಟೇ ಚೆಂದವಿರಲಿ, ಹೊಟ್ಟೆ ಉಬ್ಬರಿಸಿದ ಎಮ್ಮೆಯ ಹಾಗೆ ಧಬ್ ಎನ್ನುತ್ತದೆ. ಇದನ್ನು ಯಾರೂ ನನಗೆ ಕಲಿಸಲಿಲ್ಲ, ನಾನೂ ಇದೊಂದು ಕೆಲಸವೆಂದು ತಿಳಿದಿರಲಿಲ್ಲ. ಎಲೆ ಹಾಕಿಕೊಳ್ಳುವ ಮೊದಲು ತೊಡೆಗೆ ಒರೆಸುತ್ತೇವಲ್ಲ, ಹಾಗೆ.

ಲಡಾಯಿ ಶುರುವಾದ ಎರಡನೆಯ ವರ್ಷ ನಮ್ಮ ಹಳೆಯ ಮ್ಯಾನೇಜರು ಕಣ್ಣು ಮಂಜಾಗಿ ಕುಮಟೆಗೆ ಮಗಳ ಮನೆಗೆ ಹೋದರು. ಅವರ ಬೆತ್ತದ ಕುರ್ಚಿ ಪಡಸಾಲೆಯಲ್ಲಿ ಖಾಲಿ ಉಳಿಯಿತು. ಆ ಕುರ್ಚಿಯ ಬಗ್ಗೆ ಹೇಳಬೇಕು. ಅದರ ಕೈಗಳು ಎಷ್ಟು ಉದ್ದವೆಂದರೆ ಮೇಲೆ ಕಾಲು ಚಾಚಿ ಮಲಗಬಹುದು. ಇಪ್ಪತ್ತೆರಡು ವರ್ಷ ನಾನು ಅದರ ಎದುರಿಗೆ ನಿಂತಿದ್ದೆ. ಬಿಸಿಲಿನಲ್ಲಿ ನಿಂತವನಿಗೆ ನೆರಳಿನ ಕುರ್ಚಿ ಹೇಗೆ ಕಾಣುತ್ತದೆಂದು ನಿಂತವರನ್ನೇ ಕೇಳಬೇಕು. ಒಂದು ಬೆಳಿಗ್ಗೆ ಧೈರ್ಯ ಮಾಡಿ ಸಾವುಕಾರರ ಮುಂದೆ ಬಾಯಿ ಬಿಟ್ಟೆ.

"ಫಕೀರಪ್ಪಾ, ನಿನ್ನಂಥಾ ಕೆಲಸಗಾರ ಈ ಸೀಮಿಯೊಳಗ ಇಲ್ಲ" ಎಂದರು ಸಾವುಕಾರರು. ಹೊಗಳಿಕೆ ಮೊದಲು ಬಂದರೆ ಹಿಂದೆ ಏನೋ ಬರುತ್ತದೆಂದು ನನಗೆ ಗೊತ್ತಾಯಿತು. "ಆದ್ರ ಈಗ ಮಿಲಿಟರಿಗೆ ನಾಟಾ ಕೊಡೂ ಕಾಲ. ಆ ಸಾಹೇಬ ಮಂದಿ ನಿಮ್ಮ ಮ್ಯಾನೇಜರ್ ಏನ್ ಓದ್ಯಾನ ಅಂತ ಕೇಳ್ತಾರ. ಕೆಲಸ ಬರ್ತೈತಿ ಅಂದ್ರ ನಂಬೂದಿಲ್ಲ, ಕಾಗದ ತೋರ್ಸು ಅಂತಾರ. ಒಂದ ಕಾಗದ ತಂದ ಕೊಡು, ಕುರ್ಚಿ ನಿಂದ. ಅಲ್ಲೀತನಕ ನಾನ ನೋಡ್ಕೋತೀನಿ."

ಕಾಗದ ಎಲ್ಲಿ ಸಿಗುತ್ತದೆ ಎಂದು ನಾನು ಯೋಚಿಸುತ್ತಿರುವಾಗಲೇ ಅದು ಚುರುಮರಿ ಕಟ್ಟಿಕೊಟ್ಟ ಹಳೆಯ ಪತ್ರಿಕೆಯ ಹಾಳೆಯಲ್ಲಿ ಸಿಕ್ಕಿತು. ಮುಂಬೈಯ ಒಂದು ಸಂಸ್ಥೆ ಮನೆಯಲ್ಲಿ ಕೂತವರಿಗೆ ಟಪಾಲಿನ ಮೂಲಕ ಬಿಜಿನೆಸ್ ಅಡ್ಮಿನಿಸ್ಟ್ರೇಶನ್ ಎಂಬ ವಿದ್ಯೆ ಕಲಿಸುತ್ತದಂತೆ. ಇಪ್ಪತ್ನಾಲ್ಕು ಪಾಠ, ಎರಡು ವರ್ಷ, ಕೊನೆಗೆ ಬಂಗಾರದ ಬಣ್ಣದ ಮುದ್ರೆಯ ಸರ್ಟಿಫಿಕೇಟು. ಪಾಠವೆಲ್ಲ ಇಂಗ್ಲಿಷಿನಲ್ಲಿ. ನನಗೆ ಬರುತ್ತಿದ್ದ ಇಂಗ್ಲಿಷೆಂದರೆ ದಿಮ್ಮಿಗಳ ತಲೆಯ ಮೇಲೆ ಬೇರೆ ಬೇರೆ ವ್ಯಾಪಾರಿಗಳು ಹೊಡೆದ ಹನ್ನೊಂದು ಅಕ್ಷರ. ಉಳಿದ ಹದಿನೈದು ಅಕ್ಷರದ ವ್ಯಾಪಾರಿಗಳು ನಮ್ಮ ಕಡೆ ಬಂದಿರಲಿಲ್ಲ.

ನನ್ನ ಹೆಂಡತಿ ನೀಲವ್ವ ಸನವಳ್ಳಿಯವಳು. ಆ ಊರಿನವರು ಮಾತು ಕಡಿಮೆ ಆಡುತ್ತಾರೆ, ಆಡಿದ್ದು ಬಹಳ ದಿನ ಚುಚ್ಚುತ್ತದೆ. ಮೊದಲ ಪಾಠ ಬಂದ ದಿನ ಅವಳು ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನಿಮಗ ಕೆಲಸ ಬರ್ತೈತೋ ಇಲ್ಲೋ ಅಂತ ಮುಂಬೈದಾವ್ರನ್ನ ಯಾಕ ಕೇಳಬೇಕ್ರಿ? ಯಲ್ಲಪ್ಪನ್ನ ಕೇಳಿದ್ರ ಸಾಲೂದಿಲ್ಲೇನು?" ಎಂದಳು. ಯಲ್ಲಪ್ಪನೆಂದರೆ ನಮ್ಮ ಅಡ್ಡೆಯ ಎಲ್ಲರಿಗಿಂತ ಹಳೆಯ ಹಮಾಲ. ನನಗೆ ದಿಮ್ಮಿ ಉರುಳಿಸಲು ಕಲಿಸಿದವನು. ಹೆಬ್ಬೆಟ್ಟಿನವನನ್ನು ಏನು ಕೇಳುವುದು ಎಂದು ನಾನು ಅವಳ ಬಾಯಿ ಮುಚ್ಚಿಸಿದೆ. ಹಾಗೆ ಮುಚ್ಚಿಸಿದ ಬಾಯಿ ಈಗಲೂ ಆಗಾಗ ತೆರೆಯುತ್ತದೆ.

ಇಂಗ್ಲಿಷು ಬಲ್ಲವನು ನನ್ನ ಗುರುತಿನಲ್ಲಿ ಒಬ್ಬನೇ ಇದ್ದ: ಲಾರಿ ರಿಪೇರಿಯ ಹುಸೇನಸಾಬ. ಪುಣೆಯ ಗ್ಯಾರೇಜಿನಲ್ಲಿ ಬಿಳಿಯರ ಕೈಕೆಳಗೆ ದುಡಿದು, ಅವರ ಬೈಗುಳದಿಂದಲೇ ಇಂಗ್ಲಿಷು ಕಲಿತವನು. ಪೆಟ್ರೋಲು ಸಿಗದ ಕಾಲವಾದ್ದರಿಂದ ಲಾರಿಗಳಿಗೆಲ್ಲ ಇದ್ದಿಲಿನ ಗ್ಯಾಸಿನ ಒಲೆ ಕೂರಿಸುವ ಕೆಲಸ ಅವನಿಗೆ ಕೈತುಂಬ. ಮಧ್ಯಾಹ್ನ ಊಟವಾದ ಮೇಲೆ ಅವನು ಲಾರಿಯ ಕೆಳಗೆ ನೆರಳಿಗೆ ಒರಗುತ್ತಿದ್ದ, ನಾನೂ ಪಾಠ ಹಿಡಿದು ಕೆಳಗೆ ನುಸುಳುತ್ತಿದ್ದೆ. ನನ್ನ ಕಾಲೇಜು ಅದು. ಛಾವಣಿಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ನೋಡ್ರಿ ಮುಕಾದಮ್ರ" ಎಂದು ಹುಸೇನಸಾಬ ಮೊದಲ ಪಾಠವನ್ನು ಬಿಡಿಸಿದ. "ದಂಧೆ ಅಂದ್ರ ಒಂದ ಲಾರಿ ಇದ್ಧಂಗ. ಸಾವುಕಾರ ಪೆಟ್ರೋಲು. ಮ್ಯಾನೇಜರ್ ಸ್ಟೇರಿಂಗ್. ಹಮಾಲ್ರು ಗಾಲಿ."

"ಮತ್ತ ಈಗ ನಾ ಏನೋ?"

ಅವನು ಸ್ವಲ್ಪ ಯೋಚಿಸಿ, "ನೀವು ಹಾರ್ನ್ ನೋಡ್ರಿ" ಎಂದ.

ಸಿಟ್ಟು ಬಂದರೂ ನುಂಗಿಕೊಂಡೆ. ಗುರುವಿನ ಮೇಲೆ ಸಿಟ್ಟು ಮಾಡಬಾರದು, ಅದೂ ಬೇರೆ ಗುರು ಸಿಗದಿದ್ದಾಗ. ಅವನು ಓದಿ ಹೇಳುವನು, ನಾನು ಉತ್ತರವನ್ನು ಕನ್ನಡದಲ್ಲಿ ಬರೆಯುವೆನು, ಅವನು ಅದನ್ನು ಇಂಗ್ಲಿಷಿಗೆ ಹಾಕುವನು. ಹಾಳೆಗಳ ಮೇಲೆಲ್ಲ ಅವನ ಕಪ್ಪು ಹೆಬ್ಬೆಟ್ಟು. ಮೊದಲ ಪ್ರಶ್ನೆ ನೆನಪಿದೆ: ಆಳು ಕೆಲಸಕ್ಕೆ ತಡವಾಗಿ ಬಂದರೆ ಏನು ಮಾಡುತ್ತೀರಿ? ನಾನು ಬರೆದೆ: ಮೊದಲು ಅವನ ಮನೆಯ ಕಡೆಗೆ ಹೋಗಿ ನೋಡುತ್ತೇನೆ, ಎತ್ತು ಮಲಗಿದೆಯೋ, ಹೆಂಡತಿ ಹೆರಿಗೆಗೆ ಕೂತಿದ್ದಾಳೋ ಎಂದು. ಎರಡೂ ಅಲ್ಲದಿದ್ದರೆ ಬೈಯುತ್ತೇನೆ. ಇನ್ನೊಂದು ಪ್ರಶ್ನೆ: ಸಹಾಯಕನನ್ನು ಹೇಗೆ ಆರಿಸುತ್ತೀರಿ? ನಾನು ಬರೆದೆ: ದಿಮ್ಮಿ ಉರುಳಿಸುವಾಗ ಅವನು ಎಲ್ಲಿ ನಿಲ್ಲುತ್ತಾನೆಂದು ನೋಡುತ್ತೇನೆ, ಇಳಿಜಾರಿನ ಕೆಳಗೆ ನಿಲ್ಲುವವನು ಬೇಡ, ತಾನು ಮೇಲೆ ನಿಂತು ಇನ್ನೊಬ್ಬನನ್ನು ಕೆಳಗೆ ನಿಲ್ಲಿಸುವವನು ಮೊದಲೇ ಬೇಡ. ಮುಂಬೈಯಿಂದ ಹಾಳೆ ತಿರುಗಿ ಬಂದಾಗ ಮೈತುಂಬ ಕೆಂಪು ಶಾಯಿ. ಐವತ್ತಕ್ಕೆ ಹದಿನಾಲ್ಕು. 'ಇದು ಪಾಠದಲ್ಲಿಲ್ಲ. ಹದಿನಾಲ್ಕನೆಯ ಪುಟ ನೋಡಿರಿ. ಸೂಚನೆಯ ಫಲಕ ಹಾಕತಕ್ಕದ್ದು.'

ಮೂರು ಪಾಠ ಹೀಗೆ ಕೆಂಪಾದ ಮೇಲೆ ನನಗೆ ಬುದ್ಧಿ ಬಂತು. ಗೊತ್ತಿದ್ದುದನ್ನು ಬರೆಯಬಾರದು, ಪಾಠದಲ್ಲಿದ್ದುದನ್ನು ಬರೆಯಬೇಕು. ಆಮೇಲೆ ಅಂಕಗಳು ಏರಿದವು. ಒಂಬತ್ತನೆಯ ಪಾಠಕ್ಕೆ ಐವತ್ತಕ್ಕೆ ನಲವತ್ತನಾಲ್ಕು. ಕೆಲಸವನ್ನು ತುಂಡು ತುಂಡಾಗಿ ಹಂಚಿ, ಒಬ್ಬನಿಗೆ ಒಂದೇ ತುಂಡು ಕೊಡಬೇಕೆಂದು ಹೇಳುವ ಪಾಠ ಅದು. ಆ ಹಾಳೆಯನ್ನು ನೀಲವ್ವನಿಗೆ ತೋರಿಸಿದೆ. ಅವಳು ಕೆಂಪು ಎಲ್ಲಿ ಹೋಯಿತು ಎಂದು ಕೇಳಿದಳು. ನಾನು ಜಾಣನಾದೆ, ಅದಕ್ಕೇ ಹೋಯಿತು ಎಂದೆ.

ಎರಡು ವರ್ಷ ಮುಗಿದು ಸರ್ಟಿಫಿಕೇಟು ಬಂತು. ಬಂಗಾರದ ಮುದ್ರೆ ನಿಜಕ್ಕೂ ಇತ್ತು. ಹುಬ್ಬಳ್ಳಿಗೆ ಹೋಗುವ ಲಾರಿಯಲ್ಲಿ ಕಳಿಸಿ ಕಟ್ಟು ಹಾಕಿಸಿ, ಧೋತರ ಬಿಟ್ಟು ಪಾಟಲೋಣು ಹಾಕಿಕೊಂಡು ಸಾವುಕಾರರ ಮುಂದೆ ಹಿಡಿದೆ. ಅವರು ಮಾತಿಗೆ ತಪ್ಪಲಿಲ್ಲ. ಕುರ್ಚಿ ಕೊಟ್ಟರು. ಅಂದಿನಿಂದ ನಾನು ಅಂಗಳಕ್ಕೆ ಇಳಿಯಲಿಲ್ಲ, ಏಕೆಂದರೆ ಮ್ಯಾನೇಜರು ಆಳುಗಳ ನಡುವೆ ಕೈಯಾಡಿಸಬಾರದೆಂದು ಆರನೆಯ ಪಾಠದಲ್ಲಿದೆ. ನನ್ನ ಹಳೆಯ ಕೆಲಸವನ್ನು ಒಂಬತ್ತನೆಯ ಪಾಠದಂತೆ ಹಂಚಿದೆ. ಒಬ್ಬ ಅಳೆಯುವವನು, ಒಬ್ಬ ಬರೆಯುವವನು, ಮುದ್ರೆ ಹೊಡೆಯಲು ಯಲ್ಲಪ್ಪ. ಒಂದು ಹಲಗೆಗೆ ಕಪ್ಪು ಬಳಿಸಿ, ಬಿಳಿಯ ಅಕ್ಷರದಲ್ಲಿ ಬರೆಸಿ, ಪಡಸಾಲೆಯ ಕಂಬಕ್ಕೆ ತೂಗುಹಾಕಿದೆ: 'ಪ್ರತಿಯೊಬ್ಬನೂ ತನಗೆ ಕೊಟ್ಟ ಕೆಲಸವನ್ನಷ್ಟೇ ಮಾಡತಕ್ಕದ್ದು. ಬೇರೆಯದರಲ್ಲಿ ಬಾಯಿ ಹಾಕತಕ್ಕದ್ದಲ್ಲ. ಮ್ಯಾನೇಜರರ ಅಪ್ಪಣೆ.' ಹಮಾಲರಿಗೆ ಓದಲು ಬರುವುದಿಲ್ಲವಾದ್ದರಿಂದ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಾನೇ ಎರಡು ಸಲ ಓದಿ ಹೇಳಿದೆ. ಮರುದಿನ ನೋಡಿದರೆ ಹಲಗೆಯ ಮೊಳೆಗೆ ಅವರ ರೊಟ್ಟಿಯ ಗಂಟುಗಳು ಜೋತಾಡುತ್ತಿದ್ದವು. ಅಷ್ಟು ದಿನ ಫಕೀರಣ್ಣ ಎನ್ನುತ್ತಿದ್ದ ಯಲ್ಲಪ್ಪ ನನ್ನನ್ನು ಸಾಹೇಬ್ರ ಎನ್ನತೊಡಗಿದ. ನನಗೆ ಅದು ಗೌರವವೆಂದೇ ಅನ್ನಿಸಿತು.

ನಾಲ್ಕು ತಿಂಗಳಾದ ಮೇಲೆ ಜೋಯಿಡಾ ಕಡೆಯ ಗುತ್ತಿಗೆದಾರನೊಬ್ಬ ಇಪ್ಪತ್ತು ಚಕ್ಕಡಿ ಸಾಗವಾನಿ ತಂದ. ಆನೆಯ ಕಾಲಿನಂಥ ದಿಮ್ಮಿಗಳು. ಅಳೆಯುವವನು ಅಳೆದ, ಬರೆಯುವವನು ಬರೆದ, ಯಲ್ಲಪ್ಪ ಮುದ್ರೆ ಹೊಡೆದ. ನಾನು ಕುರ್ಚಿಯ ಉದ್ದನೆಯ ಕೈಗಳ ಮೇಲೆ ಕಾಲು ಚಾಚಿಕೊಂಡು ಯಾದಿಗೆ ಸಹಿ ಮಾಡಿದೆ. ಮಿಲಿಟರಿಯವರ ಕಣ್ಣೆದುರಿಗೆ ಗರಗಸ ಒಳಗಿಳಿದಾಗ ಅರ್ಧಕ್ಕರ್ಧ ದಿಮ್ಮಿಗಳ ಹೊಟ್ಟೆಯಲ್ಲಿ ಮಣ್ಣು, ಇರುವೆಯ ಗೂಡು. ಒಂದರಿಂದ ಒಂದು ಓತಿಕ್ಯಾತ ಹೊರಬಂದು ಸಾಹೇಬನ ಬೂಟಿನ ಮೇಲೆ ನಿಂತಿತು. ಮಾಲೆಲ್ಲ ತಿರುಗಿ ಬಂತು, ಮಿಲಿಟರಿಯ ಕಾಮಗಾರಿಯೂ ಕೈಬಿಟ್ಟು ಹೋಯಿತು.

ನಾನು ಯಲ್ಲಪ್ಪನನ್ನು ಹಲಗೆಯ ಕೆಳಗೇ ನಿಲ್ಲಿಸಿ ಕೂಗಾಡಿದೆ. "ಮುದ್ರಿ ಹೊಡಿಯೂ ಮುಂದ ಗೊತ್ತಾಗಲಿಲ್ಲೇನೋ ನಿನಗ?"

"ಗೊತ್ತಾತ್ರಿ ಸಾಹೇಬ್ರ" ಎಂದ ಯಲ್ಲಪ್ಪ. ದನಿಯಲ್ಲಿ ಸಿಟ್ಟಿಲ್ಲ, ಹೆದರಿಕೆಯೂ ಇಲ್ಲ. "ಮೊದಲ್ನೇ ಏಟಿಗೇ ಗೊತ್ತಾತು. ನಿಮ್ಮ ಮಾರಿ ನೋಡಿದ್ನಿ. ನೀವು ಕಾಗದ ನೋಡಾಕತ್ತಿದ್ರಿ. ನನ್ನ ಕೆಲಸ ಮುದ್ರಿ ಅಷ್ಟ, ಬ್ಯಾರೇದ್ರಾಗ ಬಾಯಿ ಹಾಕಬ್ಯಾಡ ಅಂತ ನೀವ ಓದಿ ಹೇಳಿದ್ರಲ್ರಿ. ಎಲ್ಡ ಸಲ ಓದಿದ್ರಿ."

ಆಗ ನನಗೆ ಹೊಳೆಯಿತು. ಕೆಲಸವನ್ನು ಹಂಚುವಾಗ ಅಳತೆ ಹಂಚಿದ್ದೆ, ಬರವಣಿಗೆ ಹಂಚಿದ್ದೆ, ಮುದ್ರೆ ಹಂಚಿದ್ದೆ. ಕೇಳುವುದನ್ನು ಯಾರಿಗೂ ಕೊಟ್ಟಿರಲಿಲ್ಲ. ಅದು ಪಾಠದಲ್ಲಿರಲಿಲ್ಲ. ಇಷ್ಟು ವರ್ಷ ನನಗೆ ಅನ್ನ ಹಾಕಿದ ಕೆಲಸಕ್ಕೆ ಹೆಸರೇ ಇರಲಿಲ್ಲವಾದ್ದರಿಂದ ನಾನೇ ಅದನ್ನು ಬಿಟ್ಟುಬಿಟ್ಟಿದ್ದೆ. ಸಾವುಕಾರರು ಬೈಯಲಿಲ್ಲ. "ಕಾಗದ ತಂದ್ಯಪ್ಪಾ, ಖರೇ. ಕಿವಿ ಎಲ್ಲಿ ಬಿಟ್ಟ ಬಂದಿ?" ಎಂದಷ್ಟೇ ಕೇಳಿ, ನನ್ನ ಕೈಗೆ ಮತ್ತೆ ಸುತ್ತಿಗೆ ಕೊಟ್ಟರು. ಕಾಗದ ತಾ ಎಂದವರು ಇವರೇ ಎಂದು ಹೇಳಬೇಕೆನ್ನಿಸಿತು. ಸುತ್ತಿಗೆ ಹಿಡಿದು ಅಂಗಳಕ್ಕೆ ಇಳಿದೆ. ಕುರ್ಚಿಗೆ ಅವರ ಸೋದರಳಿಯ ಬಂದರು, ಮುಂಬೈಯ ಕಾಲೇಜಿನಲ್ಲಿ ವ್ಯಾಪಾರದ ವಿದ್ಯೆಯನ್ನೇ ಓದಿ ಪದವಿ ಪಡೆದವರು, ಮೀಸೆ ಇನ್ನೂ ಸರಿಯಾಗಿ ಚಿಗುರದವರು. ಬಂದ ದಿನವೇ ಕಂಬದ ಹಲಗೆಯನ್ನು ಓದಿ, "ಇದನ್ನ ಯಾರು ಬರೆಸಿದ್ದು? ಭಾಳ ಛಲೋ ಐತಿ, ಇರ್ಲಿ" ಎಂದು ಹೊಸದಾಗಿ ಬಣ್ಣ ಹೊಡೆಸಿದರು. ಅಷ್ಟೆಲ್ಲ ಆದ ಮೇಲೂ ಆ ಹೊಗಳಿಕೆಗೆ ನನ್ನ ಎದೆ ಒಂದು ಗಳಿಗೆ ಉಬ್ಬಿತು. ನಾಚಿಕೆಯಾಗುತ್ತದೆ ಎಂದು ಮೊದಲಲ್ಲಿ ಹೇಳಿದ್ದು ಇದನ್ನೇ.

ಹೋದ ವಾರ ಅದೇ ಗುತ್ತಿಗೆದಾರ ಹೊಸ ಸಾಹೇಬರನ್ನು ಒಪ್ಪಿಸಿ ಮತ್ತೆ ಚಕ್ಕಡಿ ತಂದ. ನಾನು ಸುತ್ತಿಗೆ ತಿರುಗಿಸಿ ಬಡಿದೆ. ಧಬ್ ಎಂದಿತು. ದಿಮ್ಮಿಯ ಆ ತುದಿಯಲ್ಲಿ ನಿಂತಿದ್ದ ಯಲ್ಲಪ್ಪ ನನ್ನ ಮುಖ ನೋಡಿದ. ನಾನು ಪಡಸಾಲೆಯ ಮೆಟ್ಟಿಲ ತನಕ ಹೋಗಿ, "ಸಾಹೇಬ್ರ, ಈ ದಿಮ್ಮಿ ಪೊಳ್ಳ ಐತ್ರಿ" ಎಂದೆ.

ಸಾಹೇಬರು ಯಾದಿಯಿಂದ ತಲೆಯೆತ್ತಲಿಲ್ಲ. "ನಿಮ್ಮ ಕೆಲಸ ಏನು?"

"ಮುದ್ರಿ ಹೊಡಿಯೂದ್ರಿ."

"ಹಂಗಾರ ಹೊಡೀರಿ" ಎಂದು, ಪೆನ್ಸಿಲಿನ ತುದಿಯಿಂದ ತಲೆಯ ಮೇಲಿನ ಹಲಗೆಯನ್ನು ತೋರಿಸಿದರು.

ಬರೆಯುವವನನ್ನು ಬಿಟ್ಟರೆ ಅಡ್ಡೆಯ ಅಂಗಳದಲ್ಲಿ ಆ ಹಲಗೆಯನ್ನು ಓದಬಲ್ಲವನು ನಾನೊಬ್ಬನೇ. ಓದಿದೆ. ಅವರು ಕಾಲೇಜಿನ ಬಾಕಿನ ಮೇಲೆ ಕೂತು ಓದಿದ್ದೂ ನಾನು ಲಾರಿಯ ಕೆಳಗೆ ಮಲಗಿ ಓದಿದ್ದೂ ಒಂದೇ ಪುಟ. ಅದರಲ್ಲಿ ನನಗೆ ಐವತ್ತಕ್ಕೆ ನಲವತ್ತನಾಲ್ಕು. ಹಿಂದಿರುಗಿ ಬಂದು ದಿಮ್ಮಿಯ ತಲೆಗೆ ಮುದ್ರೆ ಹೊಡೆದೆ. ಚೆನ್ನಾಗಿ, ಆಳವಾಗಿ ಬಿತ್ತು. ಒಳಗೆ ಏನೂ ಇಲ್ಲದ ಮರದ ಮೇಲೂ ಮುದ್ರೆ ಹೀಗೇ ಅಂದವಾಗಿ ಕೂರುತ್ತದೆ. ನಮ್ಮ ಮನೆಯ ಗೋಡೆಯ ಮೇಲೂ ಒಂದಿದೆ, ಬಂಗಾರದ ಬಣ್ಣದ್ದು. ಬಂದವರು ದೇವರ ಪಟ ಬಿಟ್ಟು ಮೊದಲು ಅದರ ಮುಂದೆಯೇ ನಿಲ್ಲುತ್ತಾರೆ.