ಹದಿನಾಲ್ಕು ಹೆಜ್ಜೆ ದೂರದ ಬೋರ್ಡು

ಮಂಗಳವಾರ, ಬೆಳಿಗ್ಗೆ ಆರು ಗಂಟೆ ಐದು ನಿಮಿಷ. ಸ್ಥಳ: ಗಂಗಾವತಿಯ ನಮ್ಮ ಮನೆಯ ಅಂಗಳ. ಹಾಜರಿದ್ದವರು: ನಾನು, ನನ್ನ ಹೆಂಡತಿ ಶಾಂತವ್ವ ಮತ್ತು ವ್ಯಾನು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಸ್ಸು ಓಡಿಸಿದವನಿಗೆ ದಿನವನ್ನು ಬೇರೆ ರೀತಿ ಶುರು ಮಾಡಲು ಬರುವುದಿಲ್ಲ. ಟೈರಿನ ಗಾಳಿ, ರೇಡಿಯೇಟರಿನ ನೀರು, ಕನ್ನಡಿ, ಹಾರನ್ನು, ಇಷ್ಟನ್ನು ನೋಡಿದ ಮೇಲೆಯೇ ನನಗೆ ಚಹಾ ಗಂಟಲಿಗಿಳಿಯುವುದು. ಅದಾದ ಮೇಲೆ ಕ್ಯಾಮೆರಾದ ಗಾಜು ಒರೆಸಬೇಕು. ಆಗ ಶಾಂತವ್ವ ಪ್ರತಿದಿನ ಹೇಳುವ ಮಾತನ್ನು ಅಂದೂ ಹೇಳಿದಳು. "ಈ ವಯಸ್ಸಿನಾಗ ಎರಡೆರಡು ಚಟ ಬ್ಯಾಡ್ರಿ. ಒಂದರೆ ಬಿಡ್ರಿ."

"ಒಂದು ಚಟ, ಒಂದು ಕೆಲಸ" ಎಂದೆ.

"ಯಾವುದು ಯಾವುದಂತ ನನಗ ಇನ್ನೂ ತಿಳಿವಲ್ದು" ಎಂದು ಒಳಗೆ ಹೋದಳು.

ನಿಜ ಹೇಳಬೇಕೆಂದರೆ ನನಗೂ ತಿಳಿದಿಲ್ಲ. ಬಸ್ಸಿನಿಂದ ನಿವೃತ್ತನಾದ ಮೇಲೆ ನಾನು ವ್ಯಾನು ಇಟ್ಟುಕೊಂಡು ದಿನವೂ ಏಳು ಮಂದಿ ನೌಕರರನ್ನು ಗಂಗಾವತಿಯಿಂದ ಕೊಪ್ಪಳಕ್ಕೆ ಮುಟ್ಟಿಸಿ, ಸಂಜೆ ತಿರುಗಿ ಕರೆತರುತ್ತೇನೆ. ಅವರು ಹತ್ತು ಗಂಟೆಯೊಳಗೆ ಕಚೇರಿಯ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಬೇಕು. ಕ್ಯಾಮೆರಾ ನನ್ನ ಕೈಗೆ ಬಂದದ್ದೂ ಅದೇ ಸುಮಾರಿಗೆ. ಬಸ್ಸಿನ ದಿನಗಳಲ್ಲಿ ಕುಷ್ಟಗಿ, ಯಲಬುರ್ಗಾ, ಕೊಪ್ಪಳ ಎಲ್ಲವೂ ನನಗೆ ಬ್ರೇಕು ಒತ್ತುವ ಜಾಗಗಳಾಗಿ ಮಾತ್ರ ಗೊತ್ತಿದ್ದವು. ಇಲ್ಲಿ ಎಮ್ಮೆ ಅಡ್ಡ ಬರುತ್ತವೆ, ಇಲ್ಲಿ ಶಾಲೆ ಬಿಡುತ್ತದೆ, ಇಲ್ಲೊಬ್ಬ ಮಿರ್ಚಿಯವನು ಗಾಡಿಯನ್ನು ರಸ್ತೆಗೇ ತಂದಿಡುತ್ತಾನೆ. ಆ ಮಿರ್ಚಿಯವನ ಮುಖವನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ನೋಡೋಣ ಎಂದು ಹೋಗುವ ಹೊತ್ತಿಗೆ ಅವನ ಜಾಗದಲ್ಲಿ ಮೊಬೈಲ್ ಅಂಗಡಿ ಇತ್ತು. ಅಂದಿನಿಂದ ಊರುಗಳ ಫೋಟೋ ತೆಗೆಯುತ್ತಿದ್ದೇನೆ. ಬೀಗರು ಬಂದಾಗಲೆಲ್ಲ, "ಫೋಟೋ ತಗಿಯೂದಾದ್ರ ವಿರೂಪಾಪುರಗಡ್ಡಿಗೆ ಹೋಗ್ರಿ, ಕಲ್ಲು, ಹೊಳಿ, ಗದ್ದಿ, ಎಂಥಾ ಛಲೋ ಐತಿ" ಎನ್ನುತ್ತಾರೆ. ಕಲ್ಲು ಎಲ್ಲಿಗೂ ಹೋಗುವುದಿಲ್ಲ, ಅವಸರವಿಲ್ಲ ಎಂದು ಹೇಳಿ ಹೇಳಿ ನನಗೆ ದಣಿವಾಗಿದೆ.

ದಣಿವಿಗೆ ಇನ್ನೂ ದೊಡ್ಡ ಕಾರಣವಿದೆ. ವ್ಯಾನಿಗೆ ಒಂದು ವೇಳೆ, ಬೆಳಕಿಗೆ ಇನ್ನೊಂದು ವೇಳೆ. ಹಳೆಯ ಪೇಟೆಯ ಓಣಿಯಲ್ಲಿ ಯಮನೂರಪ್ಪ ಎಂಬ ಟೇಲರನ ಅಂಗಡಿಯಿದೆ. ಅದರ ಮೇಲೊಂದು ತಗಡಿನ ಬೋರ್ಡು. ಅದರಲ್ಲಿ ಬೆಲ್‌ಬಾಟಮ್ ಪ್ಯಾಂಟು ತೊಟ್ಟ ಮೀಸೆಯ ಮನುಷ್ಯನೊಬ್ಬ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾನೆ. ಒಂದು ಕಾಲು ಇನ್ನೊಂದಕ್ಕಿಂತ ನಾಲ್ಕು ಬೆರಳು ಉದ್ದ. ಕೈಯಿಂದ ಬರೆದ ಅಂಥ ಬೋರ್ಡು ಗಂಗಾವತಿಯಲ್ಲಿ ಬೇರೊಂದನ್ನು ನಾನು ಕಂಡಿಲ್ಲ. ಚಳಿಗಾಲದಲ್ಲಿ ಎದುರಿನ ಎರಡು ಮಹಡಿ ಮನೆಗಳ ನಡುವಿನಿಂದ ಬಿಸಿಲು ತೂರಿಬಂದು ಅವನ ಮುಖದ ಮೇಲೆ ಎಂಟೂ ಇಪ್ಪತ್ತಕ್ಕೆ ಬೀಳುತ್ತದೆ, ಎಂಟೂ ಇಪ್ಪತ್ತೆಂಟಕ್ಕೆ ಹೋಗುತ್ತದೆ. ವ್ಯಾನು ಬಿಡುವುದು ಎಂಟೂವರೆಗೆ. ಎಡವಟ್ಟಾಗಬಾರದೆಂದು ಮೂರು ದಿನ ಮೊದಲೇ ಹೋಗಿ ಸಿದ್ಧತೆ ಮಾಡಿದೆ. ಅಂಗಡಿಯ ಕಟ್ಟೆಯಿಂದ ರಸ್ತೆಯ ನಡುವಿನವರೆಗೆ ಹೆಜ್ಜೆಗೆ ಹೆಜ್ಜೆ ಜೋಡಿಸಿ ಅಳೆದೆ, ಹದಿನಾಲ್ಕು. ಫೋಟೋಕ್ಕೆ ನಿಲ್ಲಬೇಕಾದ ಆ ಜಾಗದಲ್ಲಿ ಸುಣ್ಣದ ಕಡ್ಡಿಯಿಂದ ಗುರುತು ಮಾಡಿದೆ. ಗಡಿಯಾರ ನೋಡಿ ಪುಸ್ತಕದಲ್ಲಿ ಬರೆದುಕೊಂಡೆ. ಹಳೆಯ ಖಾಕಿ ಅಂಗಿ ಇನ್ನೂ ಗಟ್ಟಿಯಾಗಿದೆ ಎಂದು ಅದನ್ನೇ ತೊಟ್ಟಿದ್ದೆ. ಅಂಗಡಿಗಳವರು ಸುಮ್ಮನೆ ನೋಡುತ್ತಿದ್ದರು. ಯಾರೂ ಏನೂ ಕೇಳದಿದ್ದುದು ನನಗೆ ಬಹಳ ಹಿಡಿಸಿತು. ಕೆಲಸ ಮಾಡುವವನಿಗೆ ಗೌರವ ಕೊಡುವ ಓಣಿ ಎಂದುಕೊಂಡೆ.

ಆ ಮಂಗಳವಾರ ಏಳೂ ಜನರನ್ನು ಹತ್ತು ನಿಮಿಷ ಮುಂಚೆಯೇ ಹತ್ತಿಸಿಕೊಂಡು, ವ್ಯಾನನ್ನು ಓಣಿಯ ಬಾಯಿಗೆ ನಿಲ್ಲಿಸಿ, ಎಂಟೂ ಹದಿನೆಂಟಕ್ಕೆ ಕ್ಯಾಮೆರಾ ಹಿಡಿದು ಒಳಗೆ ಹೋದೆ. ಓಣಿ ಬೋಳಾಗಿತ್ತು. ನೆರಳಿಗೆ ಕಟ್ಟಿದ್ದ ತಾಡಪತ್ರಿಗಳಿಲ್ಲ, ಗಟಾರದ ಮೇಲಿನ ಪರಸಿಕಲ್ಲುಗಳಿಲ್ಲ, ಹೊರಗಿಟ್ಟ ಸ್ಟೂಲುಗಳಿಲ್ಲ. ಬೋರ್ಡುಗಳೂ ಇಲ್ಲ. ಜವಳ ತೆಗೆಸಿ ತಲೆ ನುಣ್ಣಗಾದ ಮಕ್ಕಳ ಸಾಲಿನಂತೆ ಅಂಗಡಿಗಳು ನಿಂತಿದ್ದವು. ಬಿಸಿಲು ಮಾತ್ರ ತನ್ನ ವೇಳೆಗೆ ಸರಿಯಾಗಿ ಬಂದು ಯಮನೂರಪ್ಪನ ಬರಿಗೋಡೆಯ ಮೇಲೆ ಬಿದ್ದಿತ್ತು.

"ಬರ್ರಿ ಸಾಹೇಬ್ರ, ಬರ್ರಿ" ಎಂದು ಪಾನ್ ಅಂಗಡಿಯ ವೀರೇಶ ಕೈಮುಗಿದ. "ನೀವು ಅಳತಿ ಮಾಡಿದ್ದು ನೋಡೇ ಎಲ್ಲಾ ತಗದೀವ್ರಿ. ಗಟಾರ ದಾಟಿ ಒಂದು ಬೆರಳು ಇಲ್ರಿ ಈಗ. ಜೆಸಿಬಿ ಒಂದು ತರಬ್ಯಾಡ್ರಿ."

ರಸ್ತೆ ಅಗಲವಾಗುತ್ತದೆ ಎಂಬ ಸುದ್ದಿ ಆ ಓಣಿಯಲ್ಲಿ ಬಹಳ ದಿನಗಳಿಂದ ಇತ್ತಂತೆ. ಯಾವಾಗ ಎಂಬುದೊಂದು ತಿಳಿಯದೆ ಕಾಯುತ್ತಿದ್ದರು. ನಾನು ಹೋಗಿ ಅದನ್ನೂ ತಿಳಿಸಿಬಿಟ್ಟಿದ್ದೆ.

"ಅಯ್ಯೋ, ನಾನು ಸಾಹೇಬ ಅಲ್ಲಪ್ಪ, ಡ್ರೈವರ್" ಎಂದೆ.

"ಯಾವ ಸಾಹೇಬ್ರ ಡ್ರೈವರ್ರಿ?" ಎಂದು ವೀರೇಶ ಇನ್ನೂ ಹೆದರಿ ಕೇಳಿದ. ಅವನ ಹಿಂದಿದ್ದವನು, "ನಾ ಹೇಳಿದ್ನಿಲ್ಲೊ? ಮೊದಲ ಡ್ರೈವರ್‌ನ ಕಳಸ್ತಾರ, ಆಮ್ಯಾಲ ಸಾಹೇಬ್ರು ಬರ್ತಾರ" ಎಂದ. ಅಷ್ಟರಲ್ಲಿ ಚಹಾ ಬಂತು. ಇಡೀ ನೌಕರಿಯಲ್ಲಿ ನನ್ನನ್ನು ಯಾರೂ ಸಾಹೇಬ ಎಂದಿರಲಿಲ್ಲ. ತಪ್ಪೊಪ್ಪಿಕೊಳ್ಳುತ್ತೇನೆ, ಆ ಚಹಾ ಮುಗಿಯುವವರೆಗೆ ನಾನು ಹೆಚ್ಚೇನೂ ವಿವರಿಸಲಿಲ್ಲ.

ವ್ಯಾನಿನಿಂದ ಹಾರನ್ನು ಕೇಳಿತು. ನಮ್ಮ ಪ್ರಯಾಣಿಕರಲ್ಲಿ ಹಿರಿಯರಾದ ಸರೋಜಾ ಟೀಚರ್ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು. "ಕಾಕಾ, ಎಂಟೂ ಮೂವತ್ತೊಂದು! ನಾವು ಒಂದು ನಿಮಿಷ ತಡ ಮಾಡಿದ್ರ ಬಿಟ್ಟು ಹೋಗ್ತೀರಿ, ಈಗ ನಿಮ್ಮನ್ನ ಬಿಟ್ಟು ಹೋಗೋಣಂದ್ರ ನಮಗ ಗಾಡಿ ಹೊಡಿಯಾಕ ಬರಂಗಿಲ್ಲ!"

ಕೊಪ್ಪಳವನ್ನು ಹತ್ತಕ್ಕೆ ಎಂಟು ನಿಮಿಷ ಇರುವಾಗ ಮುಟ್ಟಿಸಿದೆ. ಆದರೆ ಆ ದಿನವೆಲ್ಲ, ಕಚೇರಿಯ ಬೇವಿನ ಮರದ ಕೆಳಗೆ ವ್ಯಾನು ನಿಲ್ಲಿಸಿಕೊಂಡು ಕೂತಾಗ, ಕ್ಯಾಮೆರಾ ಚೀಲದಿಂದ ಹೊರಗೆ ಬರಲಿಲ್ಲ. ಆ ಬೋರ್ಡು ಏನಾಯಿತು? ಗುಜರಿಗೆ ಹೋಯಿತೇ? ಊರು ಬದಲಾಗುತ್ತದೆ, ಅದಕ್ಕೇ ಹಿಡಿದಿಡುತ್ತೇನೆ ಎನ್ನುತ್ತಿದ್ದವನು ನಾನು. ಇಷ್ಟು ದಿನದಲ್ಲಿ ಬೇರೆ ಯಾರೂ ಬದಲಿಸದ ಓಣಿಯನ್ನು ಹದಿನಾಲ್ಕು ಹೆಜ್ಜೆಯಲ್ಲಿ ಬದಲಿಸಿದ್ದೆ.

ಸಂಜೆ ಏಳೂ ಹತ್ತಕ್ಕೆ ಕೊನೆಯವರನ್ನು ಇಳಿಸಿ ಯಮನೂರಪ್ಪನ ಅಂಗಡಿಗೆ ಹೋದೆ. ನಾನು ಅಳತೆಯವನಲ್ಲ, ಫೋಟೋದವನು ಎನ್ನಲು ಮಾತಿಗಿಂತ ಸಾಕ್ಷಿ ಮೇಲು ಎಂದು ಕ್ಯಾಮೆರಾದಲ್ಲಿದ್ದ ಫೋಟೋಗಳನ್ನೇ ತೋರಿಸಿದೆ. ಯಲಬುರ್ಗಾದ ಬಸ್‌ಸ್ಟ್ಯಾಂಡಿನ ಚಹಾದಂಗಡಿ, ಕುಷ್ಟಗಿಯ ಗೋಣಿಚೀಲದವರು, ಕೊಪ್ಪಳದ ಒಂದು ಕ್ಷೌರದ ಕುರ್ಚಿ. ಅವನು ಮಷಿನ್ ನಿಲ್ಲಿಸಿ ಎಲ್ಲವನ್ನೂ ನೋಡಿದ.

"ಇವನ್ನ ಯಾರಿಗೆ ಕೊಡ್ತೀರಿ?"

"ಯಾರಿಗೂ ಇಲ್ಲ."

"ಮತ್ಯಾಕ ಇಷ್ಟು ತಿರಗತೀರಿ ಯಜಮಾನ್ರ?"

ಅಂದು ಪುಸ್ತಕದಲ್ಲಿ ಬರೆದುಕೊಂಡಿದ್ದ ಬಿಸಿಲಿನ ವೇಳೆಯನ್ನು ಅವನ ಮುಂದೆ ಹಿಡಿದೆ. ಅದೇ ಉತ್ತರವೆಂದು ಅವನಿಗೆ ಅನ್ನಿಸಿರಬೇಕು. ಒಳಗಿನಿಂದ ಕೌದಿಯಲ್ಲಿ ಸುತ್ತಿದ್ದ ಬೋರ್ಡನ್ನು ತಂದ. "ನಮ್ಮಣ್ಣ ಬರದದ್ರಿ. ಅವ ಈಗ ಇಲ್ಲ. ಜೆಸಿಬಿ ಬಾಯಿಗೆ ಬ್ಯಾಡಂತ ರಾತ್ರೋರಾತ್ರಿ ಇಳಿಸಿದೆ. ಮೊಳಿ ಬಿಗಿ ಇತ್ತು, ಕೀಳುವಾಗ ಹರೀತು." ಮೀಸೆಯ ಮನುಷ್ಯನ ಕೆನ್ನೆಯಿಂದ ಕಿವಿಯವರೆಗೆ ತಗಡು ಸೀಳಿತ್ತು. ನಾನು ನೋಡಿಯೂ ನೋಡದವನಂತಿರಲು ಪ್ರಯತ್ನಿಸಿದೆ, ಆಗಲಿಲ್ಲ. "ತಪ್ಪಾಯ್ತಪ್ಪ" ಎಂದೆ. ಅವನು, "ನಮ್ಮಣ್ಣನ ಕೈಯಾಗ ಕಾಲು ಸಣ್ದು ದೊಡ್ದು ಆಗಿತ್ತು, ನಿಮ್ಮ ಕೈಯಾಗ ಕೆನ್ನಿ. ಹೋಗ್ಲಿ ಬಿಡ್ರಿ" ಎಂದು ನಕ್ಕ.

ಇಬ್ಬರೂ ಸೇರಿ ಬೋರ್ಡನ್ನು ಹಾಕಿದೆವು. ವ್ಯಾನನ್ನು ಗೋಡೆಗೆ ಒತ್ತಿ ನಿಲ್ಲಿಸಿ, ನಾನು ಅದರ ಮೇಲೆ ಹತ್ತಿ, ನೋಯುವ ಮೊಣಕಾಲಿನಲ್ಲೇ ತಂತಿ ಬಿಗಿದೆ. ಕೆಳಗಿಳಿದಾಗ ಎಂಟು ಗಂಟೆ. ಬೆಳಕು ಎಂದೋ ಹೋಗಿತ್ತು. ಫೋಟೋ ನಾಳೆ ಎಂದೆ.

"ನಾಳೆ ಬರ್ರಿ. ಆದ್ರ ಈ ಖಾಕಿ ತೊಟ್ಟು ಬರಬ್ಯಾಡ್ರಿ, ನಿಮ್ಮ ಕಾಲು ಬೀಳ್ತೀನಿ" ಎಂದ ಯಮನೂರಪ್ಪ, ಕೊರಳಿನ ಟೇಪು ತೆಗೆದು ಹೂವಿನ ಚಿತ್ರದ ನೀಲಿ ಬಟ್ಟೆಯೊಂದನ್ನು ಹರಡಿದ. ಬೇಡವೆಂದರೂ ಕೇಳಲಿಲ್ಲ. ಬೆಳಗ್ಗೆ ಏಳಕ್ಕೇ ಅಂಗಿ ತಯಾರಿಟ್ಟಿರುತ್ತಾನಂತೆ. ಎರಡೂ ಕೈ ಎತ್ತಿ ನಿಂತೆ. ಅವನು ಅಳೆದು ಅಳೆದು, ನನ್ನ ಕಡೆ ನೋಡದೆ, ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದ. ಹೆಗಲು, ತೋಳು, ಎದೆ. ಏನು ಬರೆದ ಎಂದು ಕೇಳುವ ಧೈರ್ಯ ಬರಲಿಲ್ಲ. ಟೇಪು ಹೊಟ್ಟೆಗೆ ಬಂದಾಗ ನನಗರಿವಿಲ್ಲದೆಯೇ ಉಸಿರನ್ನು ಒಳಗೆಳೆದು, ಬಿಗಿಯಾಗಿ ನಿಂತೆ.

"ಸಾಹೇಬ್ರ, ಹಿಂದಕ್ಕ ಸರಿಸಬ್ಯಾಡ್ರಿ" ಎಂದ ಅವನು. "ಎಷ್ಟು ಮುಂದ ಬಂದೈತೋ ಅಷ್ಟು ಬಿಡ್ರಿ. ನಾ ಒಡಿಯಾಕ ಬಂದಿಲ್ಲ."

ಎಂಟು ಗಂಟೆ ಹನ್ನೆರಡು ನಿಮಿಷಕ್ಕೆ ಉಸಿರು ಬಿಟ್ಟೆ. ನಲವತ್ತೆರಡು ಇಂಚು ಎಂದು ಗಟ್ಟಿಯಾಗಿ ಹೇಳಿಯೇ ಬರೆದುಕೊಂಡ.