ಹಲ್ಲು ನೋಡಿ ಕೂಡಿಸಿದ ಕಂಪ್ಯೂಟರ್

ನಮ್ಮ ಸೋದರಮಾವನಿಗೆ ಕಂಪ್ಯೂಟರ್ ಅಂದರೆ ಏನು ಅಂತ ಇವತ್ತಿಗೂ ಗೊತ್ತಿಲ್ಲ. ಆದರೆ ಅವನಷ್ಟು ಚೆನ್ನಾಗಿ ಕಂಪ್ಯೂಟರ್ ಕೂಡಿಸುವವರು ಚಾಮರಾಜನಗರ ಜಿಲ್ಲೆಯಲ್ಲೇ ಇನ್ನೊಬ್ಬರಿಲ್ಲ ಎಂದು ನಾನು ಯಾವ ದೇವರ ಮುಂದೆ ಬೇಕಾದರೂ ದೀಪ ಆರಿಸಿ ಆಣೆ ಮಾಡಿ ಹೇಳಬಲ್ಲೆ. ನಗಬೇಡಿ. ಅವನು ಕೂಡಿಸಿದ್ದು ಒಂದೇ ಒಂದು ಎನ್ನುವುದೂ ನಿಜ, ಅದು ನನ್ನದು ಎನ್ನುವುದೂ ನಿಜ.

ಮಾವನ ಊರು ಚಂದಕವಾಡಿ. ಕಸುಬು, ಎತ್ತಿಗೆ ಜೋಡಿ ಕಟ್ಟುವುದು. ಯಾರ ಮನೆಯಲ್ಲಾದರೂ ಜೋಡಿಯಲ್ಲಿ ಒಂದೆತ್ತು ಸತ್ತರೆ ಉಳಿದದ್ದಕ್ಕೆ ಎತ್ತರ, ಬಣ್ಣ, ಕೊಂಬು, ನಡಿಗೆ, ಕೊನೆಗೆ ಸಿಟ್ಟು ಕೂಡ ಹೊಂದುವಂಥ ಇನ್ನೊಂದನ್ನು ಸಂತೆ ಸಂತೆ ಅಲೆದು ತಂದುಕೊಡುತ್ತಿದ್ದ. ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುತ್ತಿದ್ದ. ನಮ್ಮಮ್ಮನ ವಯಸ್ಸನ್ನೂ ಹಾಗೇ ಹೇಳಲು ಹೋಗಿ ಒಂದು ಯುಗಾದಿಯ ಹೋಳಿಗೆ ಕಳೆದುಕೊಂಡಿದ್ದ.

ಇಂಥವನು ಕಂಪ್ಯೂಟರ್ ಸಹವಾಸಕ್ಕೆ ಬಂದದ್ದು ನನ್ನ ಕಾಲಿನಿಂದ. ಚಿಕ್ಕಂದಿನಲ್ಲೇ ನನ್ನ ಎಡಗಾಲು ಸೋತಿತ್ತು. ಗುಂಡ್ಲುಪೇಟೆಯ ಮನೆಯಿಂದ ಚಾಮರಾಜನಗರದ ಡಿಟಿಪಿ ಸೆಂಟರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿತ್ತು. ದಿನಾ ಬಸ್ಸಿನ ಮೆಟ್ಟಿಲು ಹತ್ತುವುದು ಇನ್ನು ನನ್ನಿಂದಾಗದು ಎಂದು ಕಾಲು ಹಟ ಹಿಡಿಯಿತು. ಆಗ ನಮ್ಮೂರಿನ ಪ್ರೆಸ್ಸಿನವರು, "ಮನೆಯಲ್ಲೇ ಕಂಪ್ಯೂಟರ್ ಇಟ್ಕೊಳ್ಳಮ್ಮ, ಲಗ್ನಪತ್ರಿಕೆ ಕೆಲಸ ಪೂರಾ ನಿನಗೇ ಕೊಡ್ತೀನಿ. ಬರೋ ವರ್ಷದ ಮದುವೆ ಕಾಲದೊಳಗೆ ಆಗಬೇಕು, ಇಲ್ಲದಿದ್ರೆ ಬೇರೆಯವರನ್ನ ನೋಡ್ಕೋತೀನಿ" ಅಂದರು. ಕಂಪ್ಯೂಟರ್ ಬಂದರೆ ನನ್ನ ದುಡಿಮೆ ಉಳಿಯುತ್ತದೆ, ಇಲ್ಲದಿದ್ದರೆ ಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂರುವುದು. ಇಷ್ಟೇ ಲೆಕ್ಕ.

ಹೊಸದನ್ನು ಇಡಿಯಾಗಿ ಕೊಳ್ಳುವ ಶಕ್ತಿ ನಮಗಿರಲಿಲ್ಲ. ಚಾಮರಾಜನಗರದ ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದವರು ಒಂದು ದಾರಿ ಹೇಳಿದರು: "ಬಿಡಿಬಿಡಿಯಾಗಿ ತಗೊಂಡ್ರೆ ಅರ್ಧಕ್ಕರ್ಧ ಉಳಿಯುತ್ತೆ. ಕೂಡಿಸಿಕೊಡೋದು ನನ್ನ ಜವಾಬ್ದಾರಿ. ಆದ್ರೆ ಒಂದಕ್ಕೊಂದು ಹೊಂದಬೇಕು."

ಈ ಮಾತನ್ನು ನಾನು ಮನೆಯಲ್ಲಿ ಹೇಳುವಾಗ ಊರಿಂದ ಬಂದಿದ್ದ ಮಾವ ಜಗುಲಿಯ ಮೇಲೆ ಎಲೆಅಡಿಕೆ ಹಾಕುತ್ತ ಕೂತಿದ್ದ. ತಟ್ಟನೆ ಎದ್ದು ಬಂದ.

"ಒಂದಕ್ಕೊಂದು ಹೊಂದ್ಬೇಕಾ? ಇಷ್ಟು ದಿನ ಯಾಕಮ್ಮಿ ಹೇಳ್ನಿಲ್ಲ? ನಡಿ, ನಾಳೆನೇ ಓಗನ."

ಹೋದೆವು. ಮಾವ ಮೊದಲು ಮಾಡಿದ ಕೆಲಸವೆಂದರೆ, ಹೆಗಲ ಮೇಲಿನ ಟವೆಲನ್ನು ಅಂಗಡಿಯವರ ಕೈಮೇಲೆ ಹಾಸಿ, ಅದರಡಿ ಕೈ ತೂರಿಸಿ ಅವರ ಮೂರು ಬೆರಳು ಹಿಡಿದದ್ದು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ, ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದೇ ತಿಳಿಸುವುದು. ಪಾಪ, ಅಂಗಡಿಯವರಿಗೇನು ಗೊತ್ತು? ಮಾವ ಅವರ ಮುಖವನ್ನೇ ನೋಡುತ್ತ ಬೆರಳು ಒತ್ತುತ್ತಿದ್ದಾನೆ, ಅವರು ಬೆವರುತ್ತಿದ್ದಾರೆ. ಕೊನೆಗೆ ನನ್ನ ಕಡೆ ತಿರುಗಿ, "ಯಜಮಾನ್ರು ನಾಡಿ ನೋಡ್ತಾರಾ? ನನಗೆ ಸ್ವಲ್ಪ ಶುಗರ್ ಇದೆ" ಅಂದರು.

ಆವತ್ತು ಏನನ್ನೂ ಕೊಳ್ಳಲಿಲ್ಲ. ಮೊದಲ ದಿನವೇ ಎತ್ತು ಹಿಡಿಯುವವನು ದಡ್ಡನಂತೆ. ಎರಡನೆಯ ದಿನವೂ ಕೊಳ್ಳಲಿಲ್ಲ, ಅಮಾವಾಸ್ಯೆ. ಮೂರನೆಯ ಸಲ ಮದರ್‌ಬೋರ್ಡ್ ಒಂದನ್ನು ಒಪ್ಪಿದ. ಅಂಗಡಿಯವರು ಅದಕ್ಕೆ ತಮ್ಮಲ್ಲಿದ್ದ ಅತಿ ಜೋರಿನ ಪ್ರೊಸೆಸರ್ ಹಾಕಿಸಿಕೊಳ್ಳಿ ಎಂದು ಹೊಗಳತೊಡಗಿದರು.

"ಈ ಹಲಗೆ ಅಷ್ಟು ಜೋರು ತಡ್ಕತದಾ ಸ್ವಾಮಿ?" ಅಂದ ಮಾವ.

"ತಡ್ಕೊಳ್ಳುತ್ತೆ. ಆದ್ರೆ ಅದರ ಪೂರ್ತಿ ಸ್ಪೀಡು ಸಿಗಲ್ಲ."

"ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತಂತೆ. ಬ್ಯಾಡ ಬುಡಿ. ಇದ್ರ ಎತ್ತರಕ್ಕೆ ತಕ್ಕುದ್ದು ತೋರ್ಸಿ."

ಡಿಟಿಪಿ ಕಲಿತ ನನಗೆ ಹೊಳೆಯದ ಸಂಗತಿ ಅದು! ತೋರಿಸಿದ ಸಾದಾ ಪ್ರೊಸೆಸರನ್ನು ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿ, ಮೂಲೆಯಲ್ಲಿದ್ದ ಚಿನ್ನದ ಬಣ್ಣದ ಪುಟ್ಟ ತ್ರಿಕೋನವನ್ನು ಹಿಡಿದೇಬಿಟ್ಟ. "ಸುಳಿ ಇಲ್ಲಿ ಅದೆ ಕಣಮ್ಮಿ. ಹಲಗೆ ಮ್ಯಾಲೂ ಇದೇ ಮೂಲೇಲಿ ಅದೆ. ಕೂಡ್ತದೆ." ಅದನ್ನು ಕೂರಿಸುವ ದಿಕ್ಕು ತೋರಿಸಲೆಂದೇ ಆ ಗುರುತು ಹಾಕಿರುತ್ತಾರೆ ಎಂದು ಅಂಗಡಿಯವರು ವಿವರಿಸಿದರು. "ಎತ್ತಿನ ಮೈಮ್ಯಾಲೆ ಸುಳಿ ಇರೋದೂ ಅದಕ್ಕೇಯ" ಅಂದ ಮಾವ.

ಹಾರ್ಡ್ ಡಿಸ್ಕಿನ ಕಥೆ ಮಾತ್ರ ಹೇಳಲೂ ಬಾರದು, ಬಿಡಲೂ ಬಾರದು. ನಮ್ಮ ಬೀದಿಯ ಮೇಷ್ಟ್ರೊಬ್ಬರು ಹೊಸ ಕಂಪ್ಯೂಟರ್ ತಂದು ಹಳೆಯದರ ಹಾರ್ಡ್ ಡಿಸ್ಕ್ ಮಾರುತ್ತಿದ್ದರು. ಮಾವ ಒಬ್ಬನೇ ಹೋಗಿ ವ್ಯಾಪಾರ ಮುಗಿಸಿ ತಂದ. ಚಾಮರಾಜನಗರಕ್ಕೆ ಒಯ್ದರೆ ಅಂಗಡಿಯವರು, "ಇದರ ಕೇಬಲ್ ಎಲ್ಲಿ?" ಅಂದರು.

"ಯಾವುದು, ಆ ಬೂದಿ ಬಣ್ಣದ ಅಗಲದ ಪಟ್ಟೀನಾ? ಮೇಷ್ಟ್ರು ಕೊಡಾಕೆ ಬಂದ್ರು, ನಾನೇ ಬ್ಯಾಡ ಅಂದೆ."

"ಯಾಕೆ ಯಜಮಾನ್ರೆ?"

"ಎತ್ತು ಮಾರ್ದೋರು ಹಗ್ಗ ಕೊಡ್ತಾರಾ ಸ್ವಾಮಿ? ಹಗ್ಗ ಹೋದ್ರೆ ಅವ್ರ ಕೊಟ್ಗೆ ಲಕ್ಷ್ಮಿನೂ ಹೋಗ್ತಾಳೆ. ಪಾಪ, ಮೇಷ್ಟ್ರು ಮಕ್ಳೊಂದಿಗ್ರು. ಅವ್ರಿಗ್ಯಾಕೆ ಕೇಡು ಬಯಸ್ನಿ?"

ವಾಪಸು ಕೇಳಲು ನಾನೇ ಮೇಷ್ಟ್ರ ಮನೆಗೆ ಹೋದೆ. ಅವರ ಹೆಂಡತಿ ಆಗಲೇ ಅದರಲ್ಲಿ ಹಿತ್ತಿಲಿನ ಮಲ್ಲಿಗೆ ಬಳ್ಳಿಯನ್ನು ಕಂಬಕ್ಕೆ ಬಿಗಿದಿದ್ದರು. ಮೊಗ್ಗು ಚೆನ್ನಾಗಿ ಬಿಟ್ಟಿತ್ತು. ಏನೂ ಕೇಳದೆ, ಒಂದು ಮೊಳ ಹೂ ಮುಡಿಸಿಕೊಂಡು ಬಂದೆ. ಹೊಸ ಕೇಬಲ್ ಕೊಳ್ಳಬೇಕಾಯಿತು.

ಹೀಗೆ ತಿಂಗಳಿಗೊಂದು ಸಾಮಾನಿನಂತೆ ವರ್ಷವೇ ಉರುಳಿತು. ಮದುವೆ ಕಾಲಕ್ಕೆ ಇನ್ನು ಹದಿನೈದು ದಿನ. ಬಾಕಿ ಇದ್ದದ್ದು ರ‍್ಯಾಮ್ ಒಂದೇ, ಬೆರಳಗಲದ ಒಂದು ಪಟ್ಟಿ. ಅಂಗಡಿಯವರು ಡಬ್ಬಿಯಿಂದ ಹೊಸದೊಂದನ್ನು ತೆಗೆದು ಮದರ್‌ಬೋರ್ಡಿನ ಸಂದಿಗೆ ಒತ್ತತೊಡಗಿದರು. ಅದು ಕೂರುತ್ತಿಲ್ಲ. ಇವರು ಇನ್ನೂ ಜೋರಾಗಿ ಒತ್ತುತ್ತಿದ್ದಾರೆ. ಮಾವ ಅವರ ಕೈ ಹಿಡಿದ.

"ಹಲ್ಲು ನೋಡಿ ಸ್ವಾಮಿ ಮೊದ್ಲು. ಈ ಹಲ್ಲಿನ ಸಾಲಲ್ಲಿ ಸಂದು ಇಲ್ಲಿ ಅದೆ. ಹಲಗೆ ಮ್ಯಾಲಿನ ದಿಂಡು ಅಗೋ, ಅಲ್ಲಿ ಅದೆ. ಎಂಗೆ ಕೂತದು?"

ಅಂಗಡಿಯವರು ಕಣ್ಣಿಗೆ ಹತ್ತಿರ ಹಿಡಿದು ನೋಡಿ ನಾಲಿಗೆ ಕಚ್ಚಿಕೊಂಡರು. ನಾವು ಒಂದೊಂದೇ ಸಾಮಾನು ಹೊಂದಿಸುತ್ತಿದ್ದ ಹೊತ್ತಿನಲ್ಲಿ ರ‍್ಯಾಮಿನ ಜಾತಿಯೇ ಬದಲಾಗಿಬಿಟ್ಟಿತ್ತು. ನಮ್ಮ ಬೋರ್ಡಿಗೆ ಬೇಕಾದ ಹಳೆಯ ಜಾತಿ ಅವರ ಅಂಗಡಿಗೆ ಬರುವುದೇ ನಿಂತಿತ್ತು. "ಬೋರ್ಡೇ ಬದಲಾಯಿಸಬೇಕಾಗುತ್ತೆ. ಆಗ ಪ್ರೊಸೆಸರ್ ಕೂಡ" ಅಂದರು. ಅಂದರೆ ಮೊದಲಿನಿಂದ ಎಲ್ಲ! ಬಸ್ಸಿನಲ್ಲಿ ವಾಪಸು ಬರುವಾಗ ನಾನು ಕಿಟಕಿ ಕಡೆ ಮುಖ ಮಾಡಿ ಅತ್ತೆ. ಮನೆಯಲ್ಲಿ ಅಮ್ಮ ಗೋಪಾಲಸ್ವಾಮಿ ಬೆಟ್ಟದ ದಿಕ್ಕಿಗೆ ಕೈ ಮುಗಿದು ಕೂತಳು.

ಮಾವ ಕೈ ಮುಗಿಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮದರ್‌ಬೋರ್ಡಿನ ಸಂದಿಯ ಅಳತೆಯನ್ನು ಒಂದು ರಟ್ಟಿನ ಚೂರಿನ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿಕೊಂಡು, ಮೈಸೂರು ಬಸ್ಸು ಹತ್ತಿದ. ನಾಲ್ಕು ದಿನ ಪತ್ತೆಯಿಲ್ಲ. ಐದನೆಯ ದಿನ ಟವೆಲಿನ ಗಂಟಿನಲ್ಲಿ ಒಂದಲ್ಲ, ಎರಡು ರ‍್ಯಾಮ್ ಕಟ್ಟಿಕೊಂಡು ಬಂದ. ಮೈಸೂರಿನ ರಿಪೇರಿ ಅಂಗಡಿಗಳಲ್ಲಿ ಬಿಸಾಡಿದ ಸಾಮಾನಿನ ಗುಡ್ಡೆಗಳನ್ನೆಲ್ಲ ರಟ್ಟು ಹಿಡಿದು ಕೆದಕಿದ್ದನಂತೆ. ಮೊದಲನೆಯದು ಎರಡನೇ ದಿನವೇ ಸಿಕ್ಕಿತ್ತು.

"ಒಂದೇ ಸಾಕಾಗಿತ್ತಲ್ಲ ಯಜಮಾನ್ರೆ" ಅಂದರು ಅಂಗಡಿಯವರು.

"ಒಂಟಿ ಎತ್ತು ತಕ್ಕಂಬಂದ್ರೆ ನಮ್ಮೂರಲ್ಲಿ ಮಖ ಎತ್ಕಂಡು ತಿರ‍್ಗಾಕಾಯ್ತದಾ?"

ಎರಡೂ ಒಂದೇ ಜಾತಿ, ಒಂದೇ ಅಳತೆ. ಜೋಡಿಯಾಗಿ ಕೂತವು. ನಮ್ಮ ನಡುಮನೆಯಲ್ಲಿ ಸ್ವಿಚ್ ಒತ್ತಿದಾಗ ಡಬ್ಬದೊಳಗಿಂದ "ಬೀಪ್" ಎಂದು ಒಂದು ಸದ್ದು ಬಂತು, ಪರದೆ ಬೆಳಗಿತು. ಮಾವ ಡಬ್ಬದ ಬೆನ್ನು ಚಪ್ಪರಿಸಿದ.

ವಾರದೊಳಗೆ ಪ್ರೆಸ್ಸಿನವರು ಮೊದಲ ಕಂತೆ ಕಳಿಸಿದರು. ಆವತ್ತು ದೊಡ್ಡಮ್ಮನೂ ಬಂದಿದ್ದಳು, ಮಾವನ ಹಿರಿಯಕ್ಕ. ನಾನು ಯಾರದೋ ಲಗ್ನಪತ್ರಿಕೆ ಟೈಪ್ ಮಾಡುವುದನ್ನು ಬಹಳ ಹೊತ್ತು ನೋಡುತ್ತ ಕೂತಿದ್ದು, ಮಾವನಿಗೆ ಅಂದಳು: "ಊರ ಎತ್ಗೆಲ್ಲ ಜೋಡಿ ಹುಡುಕ್ದೆ, ಈ ತಗಡಿನ ಡಬ್ಬಕ್ಕೂ ಹುಡುಕ್ದೆ. ಈ ಹೆಣ್ಗೊಂದು ಜೋಡಿ ಹುಡುಕಾಕಾಗ್ನಿಲ್ವಲ್ಲ ನಿಂಗೆ."

ನನ್ನ ಕೈ ನಿಂತಿತು. ನನ್ನ ಕಾಲು ನೋಡಿ ಹೋದ ಗಂಡಿನ ಕಡೆಯವರು ಒಬ್ಬಿಬ್ಬರಲ್ಲ. ಆ ಮಾತು ನಮ್ಮ ಮನೆಗೆ ಹೊಸದಲ್ಲ. ಹೊಸದಾಗಿದ್ದು ಮಾವ ಕೊಟ್ಟ ಉತ್ತರ.

"ಎತ್ತು ಜೋಡಿ ಇಲ್ದೆ ಬದುಕಾಕಿಲ್ಲ ಕಣಕ್ಕ, ಅದ್ಕೇ ಹುಡುಕ್ತಿನಿ. ಇವ್ಳು ಮನ್ಸ. ಯಾವುದೂ ಕೊರೆ ಇಲ್ಲ ಇವ್ಳಿಗೆ. ಬೇಕು ಅನ್ನುಸ್ದಾಗ ಇವ್ಳೇ ಬಾಯ್ಬುಟ್ಟು ಹೇಳ್ತಾಳೆ, ಆಗ ಭೂಮಿ ತಿರುಗಿ ತತ್ತಿನಿ. ಅಲ್ಲೀಗಂಟ ಯಾರೂ ಕೇಳ್ಬ್ಯಾಡಿ." ಆಮೇಲೆ ನನ್ನ ಕಡೆ ನೋಡದೆಯೇ ಅಂದ: "ನೀ ಕುಟ್ಟಮ್ಮಿ."

ಕುಟ್ಟಿದೆ. ಕಣ್ಣು ತುಂಬಿ ಅಕ್ಷರ ಕಾಣದೆ, ಮದುಮಗಳ ಹೆಸರನ್ನು ಎರಡು ಸಲ ತಪ್ಪು ಹೊಡೆದು ಅಳಿಸಿದೆ. ನನ್ನಲ್ಲಿ ಕೊರೆಯಿಲ್ಲ ಎಂದು ನಾನು ಹುಟ್ಟಿದ ಮೇಲೆ ಒಬ್ಬರು ಹೇಳಿದ್ದು ಅದೇ ಮೊದಲು.